ಜಗಳವಾಡಿ ಮನೆಬಿಟ್ಟವರನ್ನು ಹುಡುಕುವುದು ಹೇಗೆ? ಗಡಿನಾಡಿನ ಮನೆಗಳಿಗೆ ಒಂದು ಕೈಪಿಡಿ

ಕಾಣೆಯಾದವರ ಬಗ್ಗೆ ದೂರು ಕೊಡಲು 24 ಗಂಟೆ ಕಾಯಬೇಕು ಎಂಬ ಮಾತು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದವರೆಗೆ ಎಲ್ಲರ ಬಾಯಲ್ಲೂ ಇದೆ. ಕಾನೂನಿನಲ್ಲಿ ಅಂಥ ನಿಯಮವೇ ಇಲ್ಲ. ಆದರೂ ಹೆಚ್ಚಿನ ಮನೆಗಳಲ್ಲಿ ಮೊದಲ ರಾತ್ರಿ ಹಾಗೇ ಕಳೆದುಹೋಗುತ್ತದೆ. ಕಾರಣ ಕಾನೂನಲ್ಲ, ಮರ್ಯಾದೆಯ ಭಯ. ಗಂಡ ಹೆಂಡತಿಯ ಮಾತು ಬೆಳೆದದ್ದು, ಅಪ್ಪ ಮಗನ ನಡುವೆ ತೋಟದ ಪಾಲಿನ ವಿಷಯ ಬಂದದ್ದು ಊರಿಗೆ ಗೊತ್ತಾದೀತು ಎಂಬ ಅಂಜಿಕೆ. ಚಿಕ್ಕ ಮಗುವಿರುವ ತಂದೆ ಸಿಟ್ಟಿನಲ್ಲಿ ಹೊರಟು ಫೋನು ಬಂದ್ ಆಗಿದೆ ಎಂದಾದರೆ ಆ ಅಂಜಿಕೆಯನ್ನು ಬದಿಗಿಟ್ಟು ಕೆಳಗಿನ ಕೆಲಸಗಳನ್ನು ಶುರುಮಾಡಿ.

ಮೊದಲ ಎರಡು ಗಂಟೆ

ಮೊದಲು ಮನೆಯೊಳಗೆ ನೋಡಿ. ಪರ್ಸ್, ಆಧಾರ್, ಎಟಿಎಂ ಕಾರ್ಡ್, ಫೋನಿನ ಚಾರ್ಜರ್, ಬಟ್ಟೆಯ ಚೀಲ, ಕನ್ನಡಕ, ದಿನವೂ ನುಂಗುವ ಮಾತ್ರೆ, ಪಾಸ್‌ಪೋರ್ಟ್, ಇವುಗಳಲ್ಲಿ ಏನಿದೆ, ಏನಿಲ್ಲ ಎಂದು ಬರೆದಿಡಿ. ಚಾರ್ಜರ್ ಮತ್ತು ಎರಡು ಜೊತೆ ಬಟ್ಟೆ ತೆಗೆದುಕೊಂಡು ಹೋದವರು ಎಲ್ಲೋ ಉಳಿಯುವ ಯೋಚನೆಯಲ್ಲಿರಬಹುದು. ಉಟ್ಟ ಪಂಚೆಯಲ್ಲೇ, ಫೋನನ್ನೂ ಬಿಟ್ಟು ಹೋಗಿದ್ದರೆ ಅದು ತುರ್ತು. ಈಚೆಗೆ ವಿದಾಯ ಹೇಳುವಂಥ ಮಾತಾಡಿದ್ದರೆ, "ನಾನಿಲ್ಲದಿದ್ದರೆ ನಿಮಗೇ ಸುಖ" ಎಂದಿದ್ದರೆ, ಅಂಥ ಮೆಸೇಜ್ ಕಳಿಸಿದ್ದರೆ, ಅಪಾಯದ ವಸ್ತು ಏನಾದರೂ ಮನೆಯಿಂದ ಕಾಣೆಯಾಗಿದ್ದರೆ ಒಂದು ಕ್ಷಣವೂ ತಡೆಯದೆ 112ಕ್ಕೆ ಕರೆ ಮಾಡಿ. ಮೆಸೇಜನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ.

ಇನ್ನೊಬ್ಬರು ಫೋನಿನ ಕೆಲಸ ವಹಿಸಿಕೊಳ್ಳಲಿ. ಎಲ್ಲರೂ ಎಲ್ಲರಿಗೂ ಕರೆ ಮಾಡತೊಡಗಿದರೆ ಯಾರನ್ನು ಕೇಳಿದೆವು ಎಂಬ ಲೆಕ್ಕವೇ ಸಿಗುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಯಾರಿಗೆ ಕರೆ ಮಾಡಿದ್ದು, ಎಷ್ಟು ಗಂಟೆಗೆ, ಅವರು ಏನೆಂದರು ಎಂದು ಬರೆಯುತ್ತಾ ಹೋಗಿ. ಜೊತೆಗೆ ಕೆಲಸ ಮಾಡುವವರು, ಶಾಲೆಯ ಗೆಳೆಯರು, ಗಲ್ಫಿನಲ್ಲಿರುವ ಭಾವ, ಬೈಕ್ ರಿಪೇರಿಯ ಅಂಗಡಿಯವರು, ಯಕ್ಷಗಾನ ಮೇಳದ ಅಥವಾ ಕ್ಲಬ್ಬಿನ ಒಡನಾಡಿಗಳು. ನೆಂಟರಿಗಿಂತ ಗೆಳೆಯರಿಗೇ ಹೆಚ್ಚು ಗೊತ್ತಿರುತ್ತದೆ. ಗೆಳೆಯರನ್ನು ಕೇಳುವಾಗ "ಎಲ್ಲಿ ಅಡಗಿಸಿಟ್ಟಿದ್ದೀರಿ" ಎಂಬ ದನಿ ಬೇಡ. "ನಿಮ್ಮ ಹತ್ತಿರ ಇದ್ದರೆ ಇರಲಿ, ಹುಷಾರಾಗಿದ್ದಾರೆ ಎಂದಷ್ಟು ಹೇಳಿ" ಎಂದು ಕೇಳಿದರೆ ಬಾಯಿ ಬಿಡುತ್ತಾರೆ.

ಠಾಣೆಗೆ ಹೋಗುವಾಗ

ಕೊನೆಯ ಬಾರಿ ಕಂಡ ಜಾಗ ಯಾವ ಠಾಣೆಗೆ ಸೇರುತ್ತದೋ ಅಲ್ಲಿಗೆ ಹೋಗಿ. ಕೇರಳದಲ್ಲಿ ಇಂಥ ದೂರನ್ನು 2011ರ ಕೇರಳ ಪೊಲೀಸ್ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ದಾಖಲಿಸುತ್ತಾರೆ. ಠಾಣೆಯ ಮಾತಿನಲ್ಲಿ ಇದು 'ಮ್ಯಾನ್ ಮಿಸ್ಸಿಂಗ್' ಕೇಸು. ಅಪರಾಧ ನಡೆದಿದೆ ಎಂದು ನೀವು ಸಾಬೀತು ಮಾಡಬೇಕಿಲ್ಲ, ಕಾಣೆಯಾಗಿದ್ದಾರೆ ಎಂದರೆ ಸಾಕು. ಯಾರಾದರೂ ಕರೆದೊಯ್ದಿದ್ದಾರೆ, ಸಾಲದವರು ಬೆದರಿಸುತ್ತಿದ್ದರು ಎಂಬ ಗುಮಾನಿ ಇದ್ದರೆ ಅದನ್ನು ಬೇರೆಯಾಗಿ, ಸ್ಪಷ್ಟವಾಗಿ ಹೇಳಿ. ಆಗ ಅದು ಅಪರಾಧದ ಮಾಹಿತಿಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅಂಥ ಮಾಹಿತಿಯನ್ನು ಯಾವ ಠಾಣೆಯವರೂ ವ್ಯಾಪ್ತಿಯ ನೆಪ ಹೇಳದೆ ತೆಗೆದುಕೊಳ್ಳಬೇಕು.

ಕೈಯಲ್ಲಿ ಇರಬೇಕಾದದ್ದು: ಈಚಿನ ಎರಡು ಫೋಟೊ, ಒಂದು ಮುಖದ್ದು, ಒಂದು ನಿಂತಿರುವ ಪೂರ್ತಿ ಚಿತ್ರ. ಮದುವೆಯ ಆಲ್ಬಮ್ಮಿನ, ಬಣ್ಣ ತಿದ್ದಿದ ಫೋಟೊ ಬೇಡ. ಮದುವೆಯಲ್ಲಿ ನುಣ್ಣಗೆ ಕ್ಷೌರ ಮಾಡಿಕೊಂಡಿದ್ದವರಿಗೆ ಈಗ ಗಡ್ಡ ಇರಬಹುದು. ಎತ್ತರ, ಮೈಬಣ್ಣ, ಹಳೆಯ ಗಾಯದ ಗುರುತು, ಹಚ್ಚೆ, ಹೋಗುವಾಗ ಹಾಕಿದ್ದ ಅಂಗಿಯ ಬಣ್ಣ, ಚಪ್ಪಲಿ. ವಾಹನದ ನಂಬರ್. ಫೋನ್ ನಂಬರ್‌ಗಳು, ಎರಡನೆಯ ಸಿಮ್ ಇದ್ದರೆ ಅದೂ. ಫೋನಿನ ಡಬ್ಬದ ಮೇಲಿರುವ 15 ಅಂಕಿಯ ಐಎಂಇಐ ಸಂಖ್ಯೆ. ಸಿಮ್ ಬದಲಾಯಿಸಿದರೂ ಇದು ಬದಲಾಗುವುದಿಲ್ಲ, ಹಾಗಾಗಿ ಡಬ್ಬ ಹುಡುಕಿ ತೆಗೆಯಿರಿ. ಆಡುವ ಭಾಷೆಗಳನ್ನೂ ಬರೆಸಿ. ಮನೆಮಾತು ತುಳುವೋ, ಹವಿಗನ್ನಡವೋ, ಬ್ಯಾರಿಯೋ, ಮಲಯಾಳವೋ, ಮರಾಠಿಯೋ ಎಂಬುದು ಪರವೂರಿನಲ್ಲಿ ಒಬ್ಬ ಮನುಷ್ಯನ ಬಲುದೊಡ್ಡ ಗುರುತು.

ಇಲ್ಲಿ ಕನ್ನಡದವರು ಎಚ್ಚರ ವಹಿಸಬೇಕಾದ ಒಂದು ವಿಷಯವಿದೆ. ದೂರನ್ನು ಕನ್ನಡದಲ್ಲಿ ಬರೆದುಕೊಡುವ ಹಕ್ಕು ನಿಮಗಿದೆ. ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಆದರೆ ಠಾಣೆಯಲ್ಲಿ ನಿಮ್ಮ ಹೇಳಿಕೆ ದಾಖಲಾಗುವುದು ಸಾಮಾನ್ಯವಾಗಿ ಮಲಯಾಳದಲ್ಲಿ. ಸಹಿ ಹಾಕುವ ಮೊದಲು ಪೂರ್ತಿ ಓದಿಸಿ, ಅರ್ಥ ಹೇಳಿಸಿಕೊಳ್ಳಿ. ಹೆಸರು, ಮನೆ ಹೆಸರು, ಸಮಯ, ಅಂಗಿಯ ಬಣ್ಣ, ಈ ನಾಲ್ಕರಲ್ಲಿ ತಪ್ಪು ನುಸುಳುವುದು ಹೆಚ್ಚು. ಆಧಾರಿನಲ್ಲಿ ಒಂದು ಹೆಸರು, ಊರಲ್ಲಿ ಕರೆಯುವುದು ಇನ್ನೊಂದು, ಲೈಸೆನ್ಸಿನಲ್ಲಿ ಇನಿಶಿಯಲ್ ಬೇರೆ ಎಂದಾದರೆ ಮೂರನ್ನೂ ಬರೆಸಿ. ಊರಿನ ಹೆಸರೂ ಹಾಗೆಯೇ. ನಮಗೆ ಹೊಸದುರ್ಗವಾದದ್ದು ಅವರಿಗೆ ಕಾಞಂಗಾಡ್.

ಎಫ್‌ಐಆರ್‌ನ ಪ್ರತಿಯನ್ನು ಹಣ ಕೊಡದೆ ಕೇಳಿ ಪಡೆಯಿರಿ, ತನಿಖೆ ನಡೆಸುವ ಅಧಿಕಾರಿಯ ಹೆಸರು ಮತ್ತು ನಂಬರ್ ಬರೆದುಕೊಳ್ಳಿ. ದೂರು ತೆಗೆದುಕೊಳ್ಳದೆ ಸತಾಯಿಸಿದರೆ ವಾದಕ್ಕೆ ಇಳಿಯಬೇಡಿ. ಅದೇ ದಿನ ಜಿಲ್ಲಾ ಪೊಲೀಸ್ ವರಿಷ್ಠರಿಗೆ ಬರವಣಿಗೆಯಲ್ಲಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ವಾರ್ಡ್ ಮೆಂಬರನ್ನು ಜೊತೆಗೆ ಕರೆದುಕೊಂಡು ಹೋದರೆ ಬಹಳಷ್ಟು ಕಡೆ ಇದರ ಅಗತ್ಯವೇ ಬೀಳುವುದಿಲ್ಲ.

ಜಗಳವನ್ನು ಮುಚ್ಚಿಡಬೇಡಿ

"ಏನೂ ನಡೆದಿಲ್ಲ ಸಾರ್, ಅಂಗಡಿಗೆ ಹೋಗಿ ಬರುತ್ತೇನೆಂದು ಹೋದವರು" ಎಂದು ಹೇಳಿಬಿಡುವುದು ಈ ಇಡೀ ಹುಡುಕಾಟದಲ್ಲಿ ಆಗುವ ಅತಿ ದೊಡ್ಡ ತಪ್ಪು. ಪೊಲೀಸರು ನೆರೆಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಮೂರನೆಯ ದಿನ ಜಗಳದ ವಿಷಯ ಹೊರಬಿದ್ದರೆ ಹುಡುಕುವ ಕಣ್ಣು ಹೋದವರ ಮೇಲಿಂದ ಮನೆಯವರ ಮೇಲೆ ತಿರುಗುತ್ತದೆ, ದಾರಿ ತಪ್ಪುತ್ತದೆ. ಯಾವ ವಿಷಯಕ್ಕೆ ಮಾತು ಶುರುವಾಯಿತು, ಯಾರು ಯಾರಿದ್ದರು, ಕೈ ಎತ್ತಿದ್ದುಂಟೋ, ಕೊನೆಯ ಮಾತು ಏನು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಹೆಂಡತಿಗೆ ಗಂಡನಿಂದ ಹೊಡೆತ, ಬೆದರಿಕೆ ಇತ್ತು ಎಂದಾದರೆ ಅದನ್ನೂ ಹೇಳಬೇಕು. ಸಿಕ್ಕ ಮೇಲೆ ಯಾವ ಮನೆಗೆ, ಹೇಗೆ ಕಳಿಸುವುದು ಎಂಬುದು ಅದರ ಮೇಲೆ ನಿಂತಿದೆ.

ಅಂದಿನ ಜಗಳ ನೆಪ ಮಾತ್ರ ಆಗಿರುವುದೇ ಹೆಚ್ಚು. ಅದರ ಹಿಂದೆ ಆ್ಯಪ್ ಸಾಲ, ಆನ್‌ಲೈನ್ ರಮ್ಮಿ, ಅಡವಿಟ್ಟ ಚಿನ್ನ, ಹೇಳದೆ ಬಿಟ್ಟ ಕೆಲಸ ಇರುತ್ತದೆ. ಮಗು ಹುಟ್ಟಿದ ಮೊದಲ ವರ್ಷಗಳಲ್ಲಿ ತಾಯಂದಿರ ಹಾಗೆ ತಂದೆಯರಿಗೂ ಖಿನ್ನತೆ ಬರುವುದುಂಟು. ಗಂಡಸರಲ್ಲಿ ಅದು ಅಳುವಾಗಿ ಅಲ್ಲ, ಸಿಡುಕಾಗಿ ಕಾಣುತ್ತದೆ, ಹಾಗಾಗಿ ಯಾರಿಗೂ ಹೊಳೆಯುವುದಿಲ್ಲ. ಮೇಜಿನ ಖಾನೆಯಲ್ಲಿರುವ ಬ್ಯಾಂಕಿನ, ಸಹಕಾರ ಸಂಘದ ನೋಟೀಸುಗಳನ್ನು ನೋಡಿ. ಸಿಕ್ಕಿದ್ದನ್ನು ತನಿಖಾಧಿಕಾರಿಗೆ ಕೊಡಿ.

ಫೋನು, ಹಣ, ಟೋಲ್

ಕರೆಗಳ ವಿವರ ಮತ್ತು ಟವರ್ ಮಾಹಿತಿ ಸಿಗುವುದು ಪೊಲೀಸರಿಗೆ ಮಾತ್ರ. ಪರಿಚಯದವರಿಂದ ತೆಗೆಸಿಕೊಡುತ್ತೇನೆಂದು ಹಣ ಕೇಳುವವರನ್ನು ನಂಬಬೇಡಿ. ಮನೆಯವರು ಮಾಡಬಹುದಾದದ್ದು ಬೇರೆ ಇದೆ. ಸಿಮ್ ಬ್ಲಾಕ್ ಮಾಡಿಸಬೇಡಿ. ಫೋನ್ ಕಳೆದುಹೋಗಿದೆ ಎಂದು ವೆಬ್‌ಸೈಟಿನಲ್ಲಿ ದೂರು ಕೊಟ್ಟು ಅದನ್ನು ಸತ್ತ ಡಬ್ಬವಾಗಿಸಬೇಡಿ. ಎಟಿಎಂ ಕಾರ್ಡ್ ರದ್ದು ಮಾಡಿಸಬೇಡಿ. ಇವೆಲ್ಲ ಹೋದವರು ಅರಿವಿಲ್ಲದೆ ಬಿಟ್ಟುಹೋಗುವ ಹೆಜ್ಜೆಗುರುತುಗಳು. ಬದಲಿಗೆ ಅವರ ನಂಬರ್‌ಗೆ ನೀವೇ ರೀಚಾರ್ಜ್ ಮಾಡುತ್ತಿರಿ. ಬಳಕೆಯಿಲ್ಲದೆ 90 ದಿನ ಕಳೆದರೆ ನಂಬರ್ ರದ್ದಾಗಿ ಇನ್ನೊಬ್ಬರ ಕೈಸೇರಬಹುದು. ಆಗ ಬರಬೇಕೆಂದಿದ್ದ ಕರೆಯೂ ಬಾರದು.

ಕಾರಿನ ಫಾಸ್ಟ್‌ಟ್ಯಾಗ್ ಯಾರ ನಂಬರಿಗೆ ಜೋಡಿಸಿದೆ ನೋಡಿ. ಹೆಂಡತಿಯ ನಂಬರಿಗಿದ್ದರೆ ತಲಪಾಡಿ ದಾಟಿದ ಗಂಟೆ, ನಿಮಿಷ ಮೆಸೇಜಿನಲ್ಲೇ ಇರುತ್ತದೆ. ಜಂಟಿ ಖಾತೆಯಾದರೆ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಪೆಟ್ರೋಲ್ ಬಂಕಿನ ಯುಪಿಐ ಪಾವತಿ ಒಂದೇ ಸಾಕು, ದಿಕ್ಕು ತಿಳಿಯುತ್ತದೆ.

ಟವರಿನ ವಿಷಯದಲ್ಲಿ ಗಡಿಯವರಿಗೆ ಒಂದು ಮಾತು. ಪೆರ್ಲ, ಅಡ್ಕಸ್ಥಳ, ತಲಪಾಡಿಯ ಆಸುಪಾಸಿನಲ್ಲಿ ಕೇರಳದೊಳಗೆ ಕೂತವರ ಫೋನು ಕರ್ನಾಟಕದ ಟವರನ್ನು ಹಿಡಿಯುತ್ತದೆ. ಗುಡ್ಡದ ಮೇಲಿದ್ದರಂತೂ ಹೇಳುವುದೇ ಬೇಡ. ಕೊನೆಯ ಟವರ್ ವಿಟ್ಲ ಕಡೆಯದ್ದು ಎಂದ ಮಾತ್ರಕ್ಕೆ ಅವರು ಗಡಿ ದಾಟಿದರು ಎಂದು ತೀರ್ಮಾನಿಸಿ ಈಚೆಯ ತೋಟ, ಗೇರುಗುಡ್ಡೆ, ಖಾಲಿ ಮನೆಗಳನ್ನು ನೋಡದೆ ಬಿಡಬಾರದು.

ಸಿಸಿಟಿವಿ ಕಾಯುವುದಿಲ್ಲ. ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆಯೇ ಹೊಸದು ದಾಖಲಾಗುತ್ತದೆ. ಚಿಕ್ಕ ಅಂಗಡಿಗಳಲ್ಲಿ ಒಂದು ವಾರಕ್ಕೇ ಹೋಗಿಬಿಡುವುದುಂಟು. ಮೊದಲ ಎರಡು ದಿನಗಳಲ್ಲೇ ಮನೆಯಿಂದ ಮುಖ್ಯ ರಸ್ತೆಯವರೆಗಿನ ಕ್ಯಾಮೆರಾಗಳ ಪಟ್ಟಿ ಮಾಡಿ, "ಪೊಲೀಸರು ಬರುವವರೆಗೆ ಇದನ್ನು ಉಳಿಸಿಡಿ" ಎಂದು ಅಂಗಡಿಯವರಲ್ಲಿ ಕೇಳಿಕೊಳ್ಳಿ. ಪರದೆಯ ಗಡಿಯಾರವನ್ನು ನಿಮ್ಮ ಫೋನಿನ ಸಮಯದ ಜೊತೆ ಹೋಲಿಸಿ ವ್ಯತ್ಯಾಸ ಬರೆದುಕೊಳ್ಳಿ. ಹತ್ತು ನಿಮಿಷ ಹೆಚ್ಚುಕಮ್ಮಿ ಇದ್ದರೆ ಹುಡುಕುವ ಬಸ್ಸೇ ಬೇರೆಯಾಗುತ್ತದೆ.

ಗಡಿಯ ಆಚೆ ಈಚೆ

ನಮ್ಮ ಜಿಲ್ಲೆಯಿಂದ ಹೊರಗೆ ಹೋಗುವ ಮುಖ್ಯ ದಾರಿಗಳನ್ನು ಬೆರಳಲ್ಲಿ ಎಣಿಸಬಹುದು: ತಲಪಾಡಿಯಿಂದ ಮಂಗಳೂರು, ಪೆರ್ಲದಿಂದ ವಿಟ್ಲ ಪುತ್ತೂರು, ಮುಳ್ಳೇರಿಯ ಆದೂರಿನಿಂದ ಜಾಲ್ಸೂರು ಸುಳ್ಯ, ಪಾಣತ್ತೂರಿನಿಂದ ಭಾಗಮಂಡಲ, ದಕ್ಷಿಣಕ್ಕೆ ಪಯ್ಯನ್ನೂರು. ಬೈಕು ಎಲ್ಲಾದರೂ ನಿಲ್ಲಿಸಿಟ್ಟಿದ್ದರೆ ಅಲ್ಲಿಂದ ಬಸ್ಸೋ ರೈಲೋ ಹಿಡಿದಿರಬಹುದು. ಹಾಗಾಗಿ ರೈಲು ನಿಲ್ದಾಣಗಳ ಪಾರ್ಕಿಂಗ್ ಮೊದಲು ನೋಡಿ: ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು, ಕಾಞಂಗಾಡ್.

ಮಂಗಳೂರಿನಲ್ಲಿ ಸೆಂಟ್ರಲ್ ನಿಲ್ದಾಣವೊಂದನ್ನೇ ನೋಡಿ ಮರಳುವವರು ಅನೇಕರು. ಕಾಸರಗೋಡಿನಲ್ಲಿ ಹತ್ತಿದ ನೇತ್ರಾವತಿ ಎಕ್ಸ್‌ಪ್ರೆಸ್‌ನಂಥ ಮುಂಬಯಿ ರೈಲು ಸೆಂಟ್ರಲ್‌ಗೆ ಹೋಗುವುದೇ ಇಲ್ಲ, ಮಂಗಳೂರು ಜಂಕ್ಷನ್ ಮೂಲಕ ಕೊಂಕಣದ ಕಡೆ ತಿರುಗುತ್ತದೆ. ಎರಡೂ ಕಡೆ ವಿಚಾರಿಸಬೇಕು. ಸಾಮಾನ್ಯ ಬೋಗಿಯ ಟಿಕೆಟಿನಲ್ಲಿ ಹೆಸರಿರುವುದಿಲ್ಲ, ಹಾಗಾಗಿ ಕ್ಯಾಮೆರಾವೇ ಗತಿ. ರೈಲ್ವೆ ಸಹಾಯವಾಣಿ 139.

ಕರ್ನಾಟಕದ ಠಾಣೆಗಳಿಗೆ ಮಲಯಾಳದ ಎಫ್‌ಐಆರ್ ಹಿಡಿದು ಹೋದರೆ ಓದುವವರಿರುವುದಿಲ್ಲ. ಒಂದು ಪುಟದ ಸಾರಾಂಶವನ್ನು ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಅಕ್ಷಯ ಕೇಂದ್ರದಲ್ಲಿ (ಕೇರಳದ ಸರಕಾರಿ ಆನ್‌ಲೈನ್ ಸೇವಾ ಕೇಂದ್ರ) ಟೈಪ್ ಮಾಡಿಸಿ, ಮೇಲೆ ಎಫ್‌ಐಆರ್ ನಂಬರ್, ಠಾಣೆಯ ಹೆಸರು, ಫೋಟೊ ಹಾಕಿಸಿ. ಪ್ರತಿಯೊಂದರ 20 ಪ್ರತಿ ಸಾಕು. ಉಳ್ಳಾಲ, ಕೊಣಾಜೆ, ವಿಟ್ಲ, ಪುತ್ತೂರು, ಸುಳ್ಯ ಠಾಣೆಗಳಿಗೆ ಕೊಟ್ಟು ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ. ದೇಶದ ಠಾಣೆಗಳನ್ನು ಬೆಸೆಯುವ ಸಿಸಿಟಿಎನ್‌ಎಸ್ ಜಾಲ ಇದೆ ನಿಜ. ಆದರೆ ಕೈಗೆ ಕೊಟ್ಟ ಹಾಳೆ ಠಾಣೆಯ ಗೋಡೆಯ ಮೇಲೆ ಇರುತ್ತದೆ, ಡ್ಯೂಟಿಗೆ ಬಂದವರ ಕಣ್ಣಿಗೆ ಬೀಳುತ್ತದೆ.

ಆಸ್ಪತ್ರೆಗಳಲ್ಲಿ ಹೆಸರು ಹೇಳಿ ಕೇಳಿದರೆ ಸಾಲದು. ಪ್ರಜ್ಞೆಯಿಲ್ಲದೆ ಬಂದವರನ್ನು 'ಅಪರಿಚಿತ' ಎಂದೇ ಬರೆದಿರುತ್ತಾರೆ. ಕಾಸರಗೋಡಿನ ಜನರಲ್ ಆಸ್ಪತ್ರೆ, ಮಂಗಳೂರಿನ ವೆನ್ಲಾಕ್, ದೇರಳಕಟ್ಟೆಯ ಆಸ್ಪತ್ರೆಗಳು, ಪರಿಯಾರಂ ಮೆಡಿಕಲ್ ಕಾಲೇಜು, ಇಲ್ಲೆಲ್ಲ ಅಪಘಾತ ವಿಭಾಗದಲ್ಲಿ ವಯಸ್ಸು, ಗುರುತು ಹೇಳಿ ಕೇಳಿ. ಇದಕ್ಕೆ ಗಟ್ಟಿ ಮನಸ್ಸಿನ ಇಬ್ಬರು ಹೋಗಲಿ, ಹೆಂಡತಿಯನ್ನೂ ತಾಯಿಯನ್ನೂ ಕಳಿಸಬೇಡಿ. ಕೊಲ್ಲೂರು, ಸುಬ್ರಹ್ಮಣ್ಯದಂಥ ಕ್ಷೇತ್ರಗಳಲ್ಲೂ ವಿಚಾರಿಸಿ. ಊಟ ಮತ್ತು ಮಲಗುವ ಜಾಗ ಸಿಗುವ ಕಡೆ ಮನಸ್ಸು ಮುರಿದವರು ಕೆಲವು ದಿನ ಕಳೆಯುವುದುಂಟು.

ವಾಟ್ಸಾಪ್‌ನಲ್ಲಿ ಹಾಕುವ ಮುನ್ನ

ಪ್ರಕಟಣೆಯಲ್ಲಿ ಫೋಟೊ, ಹೆಸರು, ಕಾಣೆಯಾದ ದಿನಾಂಕ, ಉಡುಪು, ಠಾಣೆಯ ನಂಬರ್ ಇಷ್ಟೇ ಇರಲಿ. ಜಗಳದ ಕತೆ, ಸಾಲದ ಮೊತ್ತ, ಮಗುವಿನ ಫೋಟೊ ಬೇಡವೇ ಬೇಡ. ಅವನ್ನು ಓದಿ ನಾಚಿ ಇನ್ನೂ ದೂರ ಸರಿಯುವವರಿದ್ದಾರೆ. ಒಂದು ಗುರುತನ್ನು, ಬೆನ್ನಿನ ಮಚ್ಚೆಯನ್ನೋ ಉಂಗುರದ ಮೇಲಿನ ಅಕ್ಷರವನ್ನೋ, ಪೊಲೀಸರಿಗೆ ಬಿಟ್ಟು ಬೇರೆ ಯಾರಿಗೂ ಹೇಳದೆ ಉಳಿಸಿಕೊಳ್ಳಿ. "ನಿಮ್ಮವರು ನಮ್ಮಲ್ಲಿದ್ದಾರೆ, ಆಸ್ಪತ್ರೆಯ ಖರ್ಚಿಗೆ ಹತ್ತು ಸಾವಿರ ಹಾಕಿ" ಎಂಬ ಕರೆ ಬಂದಾಗ ಅದನ್ನೇ ಕೇಳಿ. ಹಣ ಕಳಿಸಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಿಳಿಸಿ.

ಮಗುವಿಗೆ ಏನು ಹೇಳುವುದು

"ಅಪ್ಪ ದುಬೈಗೆ ಹೋಗಿದ್ದಾರೆ" ಎಂಬ ಸುಳ್ಳು ನಮ್ಮ ಕಡೆ ಸುಲಭವಾಗಿ ಬಾಯಿಗೆ ಬರುತ್ತದೆ. ನಾಲ್ಕು ದಿನದಲ್ಲಿ ಅಂಗನವಾಡಿಯಲ್ಲಿ ಯಾರೋ ನಿಜ ಹೇಳುತ್ತಾರೆ, ಆಮೇಲೆ ಮಗು ನಿಮ್ಮ ಮಾತನ್ನೇ ನಂಬುವುದಿಲ್ಲ. ಜಗಳವಾಗುವಾಗ ಎದುರಿಗಿದ್ದ ಮಗು ತನ್ನಿಂದಲೇ ಅಪ್ಪ ಹೋದರು ಎಂದುಕೊಳ್ಳುತ್ತದೆ. "ಅಪ್ಪ ಎಲ್ಲಿದ್ದಾರೆ ಎಂದು ಗೊತ್ತಿಲ್ಲ ಮಗಾ, ನಾವೆಲ್ಲ ಹುಡುಕುತ್ತಿದ್ದೇವೆ, ಇದು ನಿನ್ನಿಂದ ಆದದ್ದಲ್ಲ" ಎಂದು ಹೇಳಿ. ಕೇಳಿದಷ್ಟು ಸಲ ಅದೇ ಮಾತನ್ನು ಹೇಳಿ. ಟೀಚರಿಗೂ ತಿಳಿಸಿಡಿ.

ವಾರಗಳು ಕಳೆದರೆ

ವಾರಕ್ಕೊಮ್ಮೆ, ನಿಗದಿತ ದಿನ, ಒಬ್ಬರೇ ಠಾಣೆಗೆ ಹೋಗಿ ಕೇಳಿ. ಎಫ್‌ಐಆರ್ ಪ್ರತಿ ತೋರಿಸಿ ಬ್ಯಾಂಕಿನಲ್ಲಿ ಸಾಲದ ಕಂತಿಗೆ ಸಮಯ ಕೇಳಿ. ಹೆಂಡತಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಿ, ಅಥವಾ 15100ಕ್ಕೆ ಕರೆ ಮಾಡಿ. ಯಾರೋ ಹಿಡಿದಿಟ್ಟಿದ್ದಾರೆ ಎಂಬುದಕ್ಕೆ ಆಧಾರವಿದ್ದರೆ ಎರ್ನಾಕುಳದ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸುವಂತೆ ಕೇಳುವ ಅರ್ಜಿ) ಹಾಕಬಹುದು. ಬರೀ ಕಾಣೆಯಾಗಿದ್ದಾರೆ ಎಂಬ ಕಾರಣಕ್ಕೆ ಅದು ನಿಲ್ಲುವುದು ಕಷ್ಟ.

ಕರೆ ಬಂದರೆ, ಸಿಕ್ಕಿದರೆ

ಗೊತ್ತಿಲ್ಲದ ನಂಬರಿನಿಂದ ಕರೆ ಬಂದು ಆ ಕಡೆ ಮೌನವಾಗಿದ್ದರೆ ಫೋನ್ ಇಡಬೇಡಿ. ಎತ್ತಿಕೊಂಡವರು ತಮ್ಮನಾಗಿದ್ದರೆ ಇಷ್ಟು ಸಾಕು: "ಅಣ್ಣಾ, ಊಟ ಆಯಿತಾ? ಎಲ್ಲಿದ್ದೀ ಎಂದು ನಾನು ಕೇಳುವುದಿಲ್ಲ. ಹುಷಾರಿದ್ದೀಯಾ, ಅಷ್ಟು ಹೇಳು." ಅಮ್ಮ ಹಾಸಿಗೆ ಹಿಡಿದಿದ್ದಾರೆ, ಮಗು ಉಣ್ಣುತ್ತಿಲ್ಲ ಎಂಬ ಮಾತು ಆಗ ಬೇಡ. ಅದು ಎಳೆದು ತರುವುದಿಲ್ಲ, ಅಪರಾಧಿಭಾವ ಹೆಚ್ಚಿಸಿ ಫೋನ್ ಇಡಿಸುತ್ತದೆ. ಹಿಂದೆ ಕೇಳುವ ಸದ್ದು, ಬಸ್ಸಿನ ಕಂಡಕ್ಟರ್ ಕೂಗುವ ಊರು, ಮೈಕಿನ ಭಾಷೆ ಗಮನಿಸಿ, ಸಮಯ ಬರೆದಿಟ್ಟು ತನಿಖಾಧಿಕಾರಿಗೆ ಹೇಳಿ. ತಿರುಗಿ ಮೂವತ್ತು ಸಲ ಕರೆ ಮಾಡಬೇಡಿ. ಮನಸ್ಸಿನ ಸಂಕಟಕ್ಕೆ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್‌ನ 14416 ನಂಬರನ್ನು ಒಂದು ಮೆಸೇಜಿನಲ್ಲಿ ಕಳಿಸಿಡಿ. ಅದು ಮನೆಯಲ್ಲಿರುವವರಿಗೂ ಬೇಕಾಗಬಹುದು.

ಪೊಲೀಸರು ಪತ್ತೆ ಮಾಡಿದ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುತ್ತಾರೆ. ಪ್ರಾಯಕ್ಕೆ ಬಂದವರು ಸ್ವಂತ ಇಚ್ಛೆಯಿಂದ ಹೋದೆ, ಈಗ ಮನೆಗೆ ಬರುವುದಿಲ್ಲ ಎಂದರೆ ಬಲವಂತವಾಗಿ ಕಳಿಸುವಂತಿಲ್ಲ. ಹಾಗೆಂದು ಹೆಂಡತಿ ಮಕ್ಕಳ ಖರ್ಚಿನ ಹೊಣೆ ತಪ್ಪುವುದಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಪ್ರಕಾರ ಜೀವನಾಂಶ ಕೇಳಬಹುದು. ಬರುತ್ತೇನೆ ಎಂದರೆ ಕರೆತರಲು ಇಬ್ಬರೇ ಹೋಗಿ, ಜೀಪು ತುಂಬ ಜನ ಬೇಡ. ಮನೆಯಂಗಳದಲ್ಲಿ ನೆರೆಯವರು ಸೇರದ ಹಾಗೆ ನೋಡಿಕೊಳ್ಳಿ, ಬಂದವರಿಗೆ ಮೊದಲು ಸ್ನಾನಕ್ಕೆ ಬಿಸಿನೀರು, ಊಟ. ಹಳೆಯ ಜಗಳದ ಮಾತು ಆ ವಾರ ಎತ್ತಬೇಡಿ. ಹಂಚಿದ ಫೋಟೊಗಳನ್ನು ಗ್ರೂಪುಗಳಿಂದ ತೆಗೆಸಿ, ಹಾಳೆ ಕೊಟ್ಟಿದ್ದ ಠಾಣೆಗಳಿಗೆಲ್ಲ ಸಿಕ್ಕಿದ್ದಾರೆ ಎಂದು ತಿಳಿಸಿ, ಬಸ್‌ಸ್ಟ್ಯಾಂಡಿನಲ್ಲಿ ಅಂಟಿಸಿದ ಪೋಸ್ಟರನ್ನು ಅವರು ನೋಡುವ ಮೊದಲೇ ಕಿತ್ತು ತನ್ನಿ.