ಐದು ಹೆಜ್ಜೆಯ ಜರೀಗಿಡ: ಫ್ರ್ಯಾಕ್ಟಲ್ ಸಾಫ್ಟ್‌ವೇರ್ ಇಲ್ಲದೆ ಕ್ರಿಟಾದಲ್ಲಿ ಕೈಯಿಂದಲೇ ಮಾಡಿದ್ದು

ಫ್ರ್ಯಾಕ್ಟಲ್ ಎಂದರೆ ತನ್ನದೇ ಸಣ್ಣ ಸಣ್ಣ ನಕಲುಗಳಿಂದ ಆದ ಚಿತ್ರ. ಕೈಯಲ್ಲಿ ನಕಲು ಮಾಡಿ ಜೋಡಿಸಿದ ಚಿತ್ರ ಮೂರನೆಯ ಹಂತಕ್ಕೇ ಮಬ್ಬಾಗುತ್ತದೆ, ಆಳ ಬೇಕಿದ್ದರೆ ಅಪೋಫಿಸಿಸ್ಸೋ ಅಲ್ಟ್ರಾ ಫ್ರ್ಯಾಕ್ಟಲ್ಲೋ, ಅಂಥದೊಂದು ಫ್ರ್ಯಾಕ್ಟಲ್ ಸಾಫ್ಟ್‌ವೇರ್ ಬೇಕೇ ಬೇಕು ಎಂದವರೇ ಎಲ್ಲ. ಈಗ ಎ2 ಕಾಗದದ ಮೇಲೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಮುದ್ರಣವಾಗಿ ಬಂದಿರುವ ಜರೀಗಿಡದಲ್ಲಿ ಎಲೆಯೊಳಗೆ ಎಲೆ, ಅದರೊಳಗೆ ಮತ್ತೆ ಎಲೆ, ಹೀಗೆ ನಾಲ್ಕು ಸುತ್ತು ಸ್ಪಷ್ಟವಾಗಿ ಕಾಣುತ್ತವೆ. ಬುಡದ ಕಡೆ ನಾಲ್ಕನೆಯ ಸುತ್ತಿನ ಎಲೆ ಆರೇಳು ಮಿಲಿಮೀಟರ್ ಉದ್ದವಿದೆ, ಅಂಚು ಚೂಪಾಗಿಯೇ ಉಳಿದಿದೆ. ಸೂತ್ರ ಬರೆದಿಲ್ಲ, ಸ್ಕ್ರಿಪ್ಟ್ ಇಲ್ಲ, ಪ್ಲಗಿನ್ ಇಲ್ಲ. ಕ್ರಿಟಾ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನ ಟ್ರಾನ್ಸ್‌ಫಾರ್ಮ್ ಟೂಲ್ (ಕುಗ್ಗಿಸುವ, ತಿರುಗಿಸುವ ಸಾಧನ), ಲೇಯರ್ (ಚಿತ್ರದ ಪದರ) ನಕಲು, ಒಂದು ಸಾಧಾರಣ ಪೆನ್ ಟ್ಯಾಬ್ಲೆಟ್, ಇಷ್ಟೇ. ಅಂಥದೇ ಇನ್ನೊಂದು ಸಾಫ್ಟ್‌ವೇರ್ ಗಿಂಪ್ ಬಳಸುವವರಿಗೂ ಇದೇ ಲೆಕ್ಕ ನಡೆಯುತ್ತದೆ.

ಮೊದಲು ಕೆಟ್ಟದ್ದು ಏಕೆ ಎಂದು ಹೇಳಬೇಕು. ಬಾರ್ನ್ಸ್‌ಲಿ ಜರೀಗಿಡ ಎಂದರೆ ಇಡೀ ಗಿಡದ್ದೇ ಕುಗ್ಗಿದ ನಕಲುಗಳನ್ನು ಜೋಡಿಸಿ ಕಟ್ಟುವ ಹೆಸರಾಂತ ಫ್ರ್ಯಾಕ್ಟಲ್. ಅದರ ಜೋಡಣೆ ಹೀಗೆ. ಇಡೀ ಗಿಡವನ್ನು 85%ಕ್ಕೆ ಕುಗ್ಗಿಸಿ ಎರಡೂವರೆ ಡಿಗ್ರಿಯಷ್ಟು ತಿರುಗಿಸಿ ಮೇಲಿಡಬೇಕು. ಮೂರನೇ ಒಂದಕ್ಕೆ ಕುಗ್ಗಿಸಿದ್ದನ್ನು ಎಡಕ್ಕೊಂದು ಬಲಕ್ಕೊಂದು ಇಡಬೇಕು. ಬುಡಕ್ಕೆ ಕಾಂಡದ ತುಂಡು. ಇದನ್ನೇ ಅಕ್ಷರಶಃ ಮಾಡಿದಾಗ ಚಿತ್ರ ಮೂರು ಸಲ ಹಾಳಾಯಿತು. 85% ತುಂಬಾ ನಿಧಾನವಾದ ಕುಗ್ಗುವಿಕೆ. ಸಾವಿರದಲ್ಲಿ ಒಂದು ಪಾಲಿಗೆ ಇಳಿಯಬೇಕಾದರೆ 42-43 ಸಲ ಕುಗ್ಗಿಸಬೇಕು. ಪ್ರತಿ ಸಲವೂ ಸಾಫ್ಟ್‌ವೇರ್ ಪಿಕ್ಸೆಲ್‌ಗಳನ್ನು ಹೊಸದಾಗಿ ಲೆಕ್ಕ ಹಾಕುತ್ತದೆ, ಸ್ವಲ್ಪ ಮಬ್ಬು ಸೇರಿಸುತ್ತದೆ. ಮೂರನೇ ಒಂದಕ್ಕೆ ಕುಗ್ಗಿಸಿದರೆ ಹಳೆಯ ಮಬ್ಬೂ ಮೂರನೇ ಒಂದಾಗಿ ಮಾಯವಾಗುತ್ತದೆ. 85%ಕ್ಕೆ ಕುಗ್ಗಿಸಿದರೆ ಹಳೆಯದರಲ್ಲಿ ಮುಕ್ಕಾಲಿಗಿಂತ ಹೆಚ್ಚು ಉಳಿದು, ಅದರ ಮೇಲೆ ಹೊಸದು ಕೂರುತ್ತದೆ. ಹತ್ತನೆಯ ನಕಲಿನ ಹೊತ್ತಿಗೆ ಎಲೆಯ ಅಂಚು ಹತ್ತಿಯಂತಾಗಿತ್ತು. ಪ್ರತಿ ಹೆಜ್ಜೆಗೂ ಶಾರ್ಪನ್ (ಅಂಚನ್ನು ಚೂಪಾಗಿಸುವುದು) ಮಾಡಿ ನೋಡಿದೆ. ಮಬ್ಬು ಹೋಯಿತು, ಅಂಚಿನ ಸುತ್ತ ಬಿಳಿ ಗೆರೆ ಬಂತು; ಅದೂ ಹೆಜ್ಜೆಹೆಜ್ಜೆಗೂ ದಪ್ಪವಾಯಿತು.

ದಾರಿ ಸಿಕ್ಕಿದ್ದು ಕುಗ್ಗಿಸುವ ಸಲಗಳನ್ನೇ ಕಡಿಮೆ ಮಾಡಿದಾಗ. ತಿರುಗಿಸುವುದು, ಕುಗ್ಗಿಸುವುದು ಎರಡನ್ನೂ ಒಂದೇ ಬಿಂದುವಿನ ಸುತ್ತ, ಅಂದರೆ ಗಿಡದ ತುದಿಯ ಸುತ್ತ ಮಾಡಿದರೆ, ಒಂದೊಂದಾಗಿ ಏರಿಸಬೇಕಾಗಿಲ್ಲ, ದುಪ್ಪಟ್ಟು ಮಾಡುತ್ತಾ ಹೋಗಬಹುದು. ಒಂದು ಜೋಡಿ ಎಲೆ ಮತ್ತು ಕಾಂಡದ ಒಂದು ತುಂಡು ಇರುವ ಗ್ರೂಪನ್ನು ನಕಲು ಮಾಡಿ, 85%, 2.5 ಡಿಗ್ರಿ. ಈಗ ಎರಡು ಜೋಡಿ. ಎರಡನ್ನೂ ಒಟ್ಟು ನಕಲು ಮಾಡಿ 72.25%, 5 ಡಿಗ್ರಿ, ನಾಲ್ಕಾಯಿತು. ನಾಲ್ಕಕ್ಕೆ 52.2%, 10 ಡಿಗ್ರಿ. ಎಂಟಕ್ಕೆ 27.25%, 20 ಡಿಗ್ರಿ. ಹದಿನಾರಕ್ಕೆ 7.43%, 40 ಡಿಗ್ರಿ. ಐದು ಹೆಜ್ಜೆಗೆ 32 ಜೋಡಿ. ಯಾವ ಎಲೆಯೂ ಒಂದು ಸುತ್ತಿನಲ್ಲಿ ಐದಕ್ಕಿಂತ ಹೆಚ್ಚು ಸಲ ಕುಗ್ಗಿಲ್ಲ. ಬುಡದ ಸಾಲುಗಳು, ಅಂದರೆ ಕಣ್ಣು ಮೊದಲು ಬೀಳುವ ಜಾಗ, ಒಂದೆರಡು ಸಲವಷ್ಟೇ ಕುಗ್ಗಿರುತ್ತವೆ. 32 ಜೋಡಿಯಾದ ಮೇಲೆ ತುದಿಯಲ್ಲಿ ಉಳಿಯುವುದು ಸುಮಾರು 35 ಪಿಕ್ಸೆಲ್, ಮುದ್ರಣದಲ್ಲಿ ಮೂರು ಮಿಲಿಮೀಟರ್. ಅಲ್ಲಿಗೆ ಬ್ರಶ್ಶಿನಿಂದ ಒಂದು ಮುದುರಿದ ಮೊಗ್ಗು ಬರೆದರೆ ಮುಗಿಯಿತು.

ದಶಮಾಂಶ ಬಿಡಬಾರದು. 52.2 ಅನ್ನು 52 ಎಂದು ಹಾಕಿದರೆ ಐದನೆಯ ತುಂಡು ಕಾಂಡದಿಂದ ಹನ್ನೆರಡು ಹದಿಮೂರು ಪಿಕ್ಸೆಲ್ ಸರಿದು ಕೂರುತ್ತದೆ, ಅಲ್ಲೊಂದು ಬಿರುಕು ಕಾಣುತ್ತದೆ. ಅಗಲ ಎತ್ತರ ಎರಡಕ್ಕೂ ಒಂದೇ ಶೇಕಡಾ ಇದ್ದರೆ ಮೊದಲು ತಿರುಗಿಸಿದರೂ ಸರಿ, ಮೊದಲು ಕುಗ್ಗಿಸಿದರೂ ಸರಿ. ಬೇರೆ ಬೇರೆ ಕೊಟ್ಟರೆ ಈ ದುಪ್ಪಟ್ಟಿನ ಲೆಕ್ಕವೇ ಕೆಡುತ್ತದೆ.

ಕೇಂದ್ರ ಬಿಂದು ಒಂದು ಪಿಕ್ಸೆಲ್ಲೂ ಕದಲಬಾರದು. ಮೌಸಿನಿಂದ ಎಳೆದು ಇಟ್ಟರೆ ಪ್ರತಿ ಸಲ ಒಂದೆರಡು ಪಿಕ್ಸೆಲ್ ತಪ್ಪಿಯೇ ತಪ್ಪುತ್ತದೆ. ಅದಕ್ಕೆ 5000 × 13000 ಪಿಕ್ಸೆಲ್‌ನ ಕ್ಯಾನ್ವಾಸ್ ತೆಗೆದುಕೊಂಡು ನಟ್ಟ ನಡುವೆ, 2500-6500ರಲ್ಲಿ, ಗಿಡದ ತುದಿ ಬರುವಂತೆ ಮಾಡಿದೆ. ಗಿಡ ಕೆಳಗಿನ ಅರ್ಧದಲ್ಲಿ, ಬುಡ ತುದಿಯಿಂದ 6400 ಪಿಕ್ಸೆಲ್ ಕೆಳಗೆ. ಮೇಲಿನ ಅರ್ಧ ಪೂರ್ತಿ ಖಾಲಿ. ಕ್ರಿಟಾ ಚಿತ್ರವನ್ನು ಸಣ್ಣ ಚೌಕಗಳಾಗಿ ಇಟ್ಟುಕೊಳ್ಳುವುದರಿಂದ ಖಾಲಿ ಜಾಗ ಮೆಮೊರಿಗೆ ಭಾರವಾಗುವುದಿಲ್ಲ, ಕೊನೆಯಲ್ಲಿ ಕತ್ತರಿಸಿದರಾಯಿತು. ಬೇರೊಂದು ಲೇಯರ್‌ನಲ್ಲಿ ಕ್ಯಾನ್ವಾಸಿನ ನಾಲ್ಕು ಮೂಲೆಗೂ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದೊಂದು ಚುಕ್ಕಿ ಇಟ್ಟು, ಚಿತ್ರದ ಲೇಯರ್ ಜೊತೆ ಗ್ರೂಪ್ ಮಾಡಿ. ಆಗ ಟ್ರಾನ್ಸ್‌ಫಾರ್ಮ್ ಚೌಕಟ್ಟು ಇಡೀ ಕ್ಯಾನ್ವಾಸನ್ನು ಹಿಡಿಯುತ್ತದೆ, ಅದರ ಕೇಂದ್ರ ತಾನಾಗಿಯೇ ಗಿಡದ ತುದಿಯಾಗುತ್ತದೆ. ನಕಲಿನ ಗ್ರೂಪಿನಲ್ಲಿ ಚುಕ್ಕಿಯ ಲೇಯರನ್ನು ಅಳಿಸಿಯೇ ಚಿತ್ರಗಳನ್ನು ಒಂದೇ ಲೇಯರಾಗಿ ಮರ್ಜ್ ಮಾಡಬೇಕು. ಮೊದಲ ಸಲ ಚುಕ್ಕಿಗಳನ್ನು ಚಿತ್ರದ ಲೇಯರಿಗೇ ಹಾಕಿದ್ದೆ. ಅವೂ ಕುಗ್ಗುತ್ತಾ ಒಳಗೆ ಬಂದು, ಕೊನೆಯಲ್ಲಿ ಲೆವೆಲ್ಸ್ (ಬೆಳಕು-ಕತ್ತಲಿನ ಮಟ್ಟ) ಏರಿಸಿದಾಗ ಆಕಾಶದ ತುಂಬಾ ಕಸದಂತೆ ಎದ್ದವು. ಪಿಕ್ಸೆಲ್ ಬದಲು ಆಕಾರಗಳಾಗಿ ಚಿತ್ರ ಇಟ್ಟುಕೊಳ್ಳುವ ಇಂಕ್‌ಸ್ಕೇಪ್‌ನಲ್ಲಿ ಮಾಡುವವರು ಚುಕ್ಕಿಗಳ ಬದಲು ಬಣ್ಣವೂ ಗೆರೆಯೂ ಇಲ್ಲದ ಒಂದು ದೊಡ್ಡ ವೃತ್ತವನ್ನು ಗ್ರೂಪಿಗೆ ಸೇರಿಸಬಹುದು. ಅಲ್ಲಿ ಮಬ್ಬಿನ ತೊಂದರೆಯಿಲ್ಲ, ಆದರೆ ಮೂರನೆಯ ಸುತ್ತಿಗೆ ವಸ್ತುಗಳ ಸಂಖ್ಯೆ ಲಕ್ಷ ದಾಟಿ ಯಂತ್ರ ನಿಂತೇಬಿಡುತ್ತದೆ.

ಕಾಂಡದ ತುಂಡನ್ನು ನೇರವಾಗಿ ತುದಿಯ ಕಡೆಗೆ ಬರೆದರೆ ಜೋಡಿಸಿದಾಗ ಗರಗಸದ ಹಲ್ಲಿನಂತೆ ಕಾಣುತ್ತದೆ. ತುಂಡಿನ ತಲೆ ಎಲ್ಲಿ ಮುಗಿಯಬೇಕು ಎಂಬುದನ್ನು ಮೊದಲೇ ಹಿಡಿಯಬೇಕು: ಬುಡದಲ್ಲಿ ಒಂದು ಚುಕ್ಕಿ ಇಟ್ಟು ಅದನ್ನು ಒಂದು ಸಲ 85%, 2.5 ಡಿಗ್ರಿ ಮಾಡಿ ನೋಡಿ. ಚುಕ್ಕಿ ಎಲ್ಲಿ ಹೋಗಿ ನಿಲ್ಲುತ್ತದೋ ಅಲ್ಲಿಗೇ ಕಾಂಡ ಮುಟ್ಟಬೇಕು. 6400 ಪಿಕ್ಸೆಲ್ ಗಿಡಕ್ಕೆ ಅದು 965 ಮೇಲಕ್ಕೆ, 237 ಪಕ್ಕಕ್ಕೆ. ದಪ್ಪದಲ್ಲೂ ಅದೇ ನಿಯಮ, ಬುಡ 40 ಪಿಕ್ಸೆಲ್ ಇದ್ದರೆ ತಲೆ 34. ಇಷ್ಟಾದ ಮೇಲೂ ಎರಡು ತುಂಡುಗಳ ನಡುವೆ ಕೂದಲೆಳೆಯಷ್ಟು ಸೀಳು ಕಾಣಬಹುದು. ಅಂಚಿನ ಪಿಕ್ಸೆಲ್‌ಗಳು ಅರೆಪಾರದರ್ಶಕವಾಗಿರುವುದೇ ಕಾರಣ. ತುಂಡನ್ನು ಹತ್ತು ಪಿಕ್ಸೆಲ್ ಉದ್ದ ಬರೆದು ಒಂದರ ಮೇಲೊಂದು ಹತ್ತಿಸಿದರೆ ಸರಿಹೋಗುತ್ತದೆ.

ಮೊದಲ ಸುತ್ತಿನಲ್ಲಿ ಎಲೆ ಎಂದರೆ ಕೈಯಲ್ಲಿ ಬರೆದ ಸಾದಾ ಎಲೆ. ಐದು ಹೆಜ್ಜೆ ಮುಗಿದು ಗಿಡವಾದ ಮೇಲೆ ಆ ಇಡೀ ಗಿಡವನ್ನೇ 33%ಕ್ಕೆ ಕುಗ್ಗಿಸಿ ಎಡಬಲಕ್ಕೆ ಸುಮಾರು 50 ಡಿಗ್ರಿ ಓರೆಯಲ್ಲಿ ಇಟ್ಟು, ಒಂದನ್ನು ಕನ್ನಡಿಬಿಂಬ ಮಾಡಿ, ಮತ್ತೆ ಐದು ಹೆಜ್ಜೆ. ಹೀಗೆ ನಾಲ್ಕು ಸುತ್ತು. 40%ಕ್ಕೆ ಇಟ್ಟಾಗ ಎಲೆಗಳು ಒಂದರ ಮೇಲೊಂದು ಬಿದ್ದು ಹಸಿರು ಮುದ್ದೆಯಾಯಿತು, 28%ರಲ್ಲಿ ಗಿಡ ಬಡಕಲಾಯಿತು. ಎಡದ ಎಲೆ ಬಲದ್ದಕ್ಕಿಂತ ತುಂಡಿನ ಅರ್ಧದಷ್ಟು ಕೆಳಗಿದ್ದರೆ ಜೀವಂತವಾಗಿ ಕಾಣುತ್ತದೆ. ಎದುರುಬದುರು ಇಟ್ಟರೆ ಮೀನಿನ ಮುಳ್ಳು.

ಎಲೆಯ ಆಕಾರಕ್ಕೆ ಹೆಚ್ಚು ಸಮಯ ಕೊಡಬೇಡಿ. ಒಂದು ಎಲೆಗೆ ಎರಡು ದಿನ ನರನರವಾಗಿ ಗೆರೆ ಎಳೆದದ್ದು ಮೂರನೆಯ ಸುತ್ತಿಗೆ ಪೂರ್ತಿ ಕಾಣೆಯಾಯಿತು. ಎಲೆಯ ಬದಲು ಬರೀ ಚೌಕ ಇಟ್ಟು ನಾಲ್ಕು ಸುತ್ತು ಓಡಿಸಿದಾಗಲೂ ಜರೀಗಿಡವೇ ಬಂತು. ಚಿತ್ರವನ್ನು ತೀರ್ಮಾನಿಸುವುದು ಜೋಡಣೆ. ಕೈಕೆಲಸ ಇರಬೇಕಾದದ್ದು ಕೊನೆಯ ಸುತ್ತಿನ ಮೊದಲ ನಾಲ್ಕು ಜೋಡಿಗಳಲ್ಲಿ, ಏಕೆಂದರೆ ನೋಡುವವರ ಕಣ್ಣು ಸುತ್ತುವುದು ಅಲ್ಲೇ. ಅಲ್ಲಿ ದುಪ್ಪಟ್ಟು ಮಾಡುವ ಮುನ್ನ ಒಂದೊಂದೇ ಜೋಡಿ ಏರಿಸಿ, ಒಂದರಲ್ಲಿ ಎಲೆ ಮುರಿದು, ಒಂದರಲ್ಲಿ ಹುಳ ತಿಂದ ತೂತು ಮಾಡಿ, ಒಂದನ್ನು ತುಸು ಬಾಗಿಸಿ, ಆಮೇಲೆ ನಾಲ್ಕನ್ನೂ ಒಟ್ಟಾಗಿ 52.2%ರಿಂದ ಮುಂದುವರಿಸುತ್ತೇನೆ. ಯಂತ್ರ ಮಾಡಿದ ಫ್ರ್ಯಾಕ್ಟಲ್‌ನಲ್ಲಿ ಇಲ್ಲದ್ದು ಇದೇ. ಪಕ್ಕಪಕ್ಕದಲ್ಲಿಟ್ಟರೆ ನೋಡಿದವರು ಕೈಯದ್ದನ್ನೇ ಆರಿಸಿದ್ದಾರೆ.

ಬೆಳಕಿನ ವಿಷಯದಲ್ಲಿ ಆದ ನಷ್ಟ ದೊಡ್ಡದು. ಎಲೆಯ ಎಡಭಾಗಕ್ಕೆ ಹೊಳಪು, ಬಲಕ್ಕೆ ನೆರಳು ಬರೆದು ಸುತ್ತು ಶುರುಮಾಡಿದೆ. ಎಲೆ ತಿರುಗಿದಂತೆ ಹೊಳಪೂ ತಿರುಗಿತು, ಕನ್ನಡಿಬಿಂಬದಲ್ಲಿ ಅದು ಬಲಕ್ಕೆ ಹೋಯಿತು. ಕೊನೆಗೆ ಎಂಟು ಸೂರ್ಯರ ಬೆಳಕು ಬಿದ್ದಂತೆ ಕಂಡಿತು. ಎಲೆ, ಕಾಂಡ ಎಲ್ಲ ಚಪ್ಪಟೆ ಬಣ್ಣದಲ್ಲೇ ಇರಲಿ. ನಾಲ್ಕೂ ಸುತ್ತು ಮುಗಿದ ಮೇಲೆ ಮೇಲೊಂದು ಮಲ್ಟಿಪ್ಲೈ ಲೇಯರ್ (ನೆರಳಿಗೆ), ಒಂದು ಸಾಫ್ಟ್ ಲೈಟ್ ಲೇಯರ್ (ಹೊಳಪಿಗೆ) ಹಾಕಿ ಇಡೀ ಗಿಡಕ್ಕೆ ಒಂದೇ ಕಡೆಯಿಂದ ಬೆಳಕು ಕೊಡಬೇಕು. ಸುತ್ತಿನಿಂದ ಸುತ್ತಿಗೆ ಬಣ್ಣ ಸ್ವಲ್ಪ ಸ್ವಲ್ಪ ಹೊರಳಿಸುವ ಕ್ರಮ ಒಂದಿದೆ. ಆಳ ಬರುವುದು ಮುಖ್ಯವಾಗಿ ಅದರಿಂದಲೇ. ಅದನ್ನೂ, ಶಾರ್ಪನ್ ಯಾವ ಹೆಜ್ಜೆಯ ನಂತರ ಒಂದೇ ಒಂದು ಸಲ ಮಾಡಬೇಕು ಎಂಬುದನ್ನೂ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಫೈಲ್ 16-ಬಿಟ್ (ಬಣ್ಣದ ಮಟ್ಟಗಳು ಹೆಚ್ಚು), ಲೀನಿಯರ್ ಪ್ರೊಫೈಲ್‌ನಲ್ಲೇ (ಬಣ್ಣದ ಅಂಕಿ ಬೆಳಕಿನ ಪ್ರಮಾಣಕ್ಕೆ ನೇರ ಹೊಂದುವಂತೆ) ಇರಲಿ. 8-ಬಿಟ್‌ನಲ್ಲಿ ಮಂಜಿನ ಹಿನ್ನೆಲೆಯಲ್ಲಿ ಪಟ್ಟೆಪಟ್ಟೆ ಬರುತ್ತದೆ. ಲೀನಿಯರ್ ಅಲ್ಲದಿದ್ದರೆ ಕಪ್ಪಿನ ಮೇಲಿನ ತೆಳುವಾದ ಬಿಳಿ ಗೆರೆಗಳು ಕುಗ್ಗಿದಂತೆಲ್ಲ ಕಪ್ಪಾಗುತ್ತಾ ಹೋಗುತ್ತವೆ, ತುದಿಯ ಎಲೆಗಳು ಸತ್ತಂತೆ ಕಾಣುತ್ತವೆ. ಕುಗ್ಗಿಸುವಾಗ ಪಿಕ್ಸೆಲ್ ಲೆಕ್ಕ ಹಾಕುವ ಫಿಲ್ಟರ್ ಮಿಚೆಲ್ ಇಟ್ಟರೆ ಸಾಕು. ಲ್ಯಾಂಜೋಸ್ ಒಂದು ಸಲಕ್ಕೆ ಚೂಪು, ಐದು ಸಲಕ್ಕೆ ಅಂಚಿನಲ್ಲಿ ಪ್ರಭಾವಳಿ. ಹೀಗೆ ತುಂಬಿದ ಒಂದು ಲೇಯರ್ 260 ಎಂಬಿಯಷ್ಟಾಗುತ್ತದೆ. 8 ಜಿಬಿ ರ್‍ಯಾಮ್‌ನಲ್ಲಿ ಏಳೆಂಟು ಲೇಯರಿಗೆ ಲ್ಯಾಪ್‌ಟಾಪ್ ಮುಗ್ಗರಿಸಿತು. ಇನ್ನೊಂದು 8 ಜಿಬಿಗೆ ಎರಡೂವರೆ ಸಾವಿರದ ಆಸುಪಾಸು ಖರ್ಚಾಯಿತು. ಟ್ಯಾಬ್ಲೆಟ್ಟಿಗೆ ಮೊದಲೇ ನಾಲ್ಕು ಸಾವಿರ ಹೋಗಿತ್ತು. ಒಂದು ಚಿತ್ರಕ್ಕೆ ಜೋಡಣೆಯ ಕೆಲಸ ಎಂಟೊಂಬತ್ತು ಗಂಟೆ, ಕೈಕೆಲಸ ಹದಿನೈದು.

ನಡುವೆ ಮಾಡಿದ ಎರಡು ಪ್ರಯೋಗಗಳೂ ಉಪಯೋಗಕ್ಕೆ ಬಂದವು. ಅಂಗೈಯಗಲದ ಎರಡು ಗಾಜುಗಳ ನಡುವೆ ಗಟ್ಟಿ ಅಕ್ರಿಲಿಕ್ ಬಣ್ಣ ಹಾಕಿ, ಒತ್ತಿ, ಒಂದು ಅಂಚಿನಿಂದ ನಿಧಾನವಾಗಿ ಎಬ್ಬಿಸಿದರೆ ಗಾಳಿ ಒಳನುಗ್ಗಿ ಬಣ್ಣ ಕವಲು ಕವಲಾಗಿ ಒಡೆಯುತ್ತದೆ. ಒಣಗಿಸಿ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಮೊದಲ ಸುತ್ತಿನ ಎಲೆಗೆ ಅದೇ ಸಾಕು, ಎರಡು ಹಂತದ ಕವಲು ಪುಕ್ಕಟೆಯಾಗಿ ಸಿಗುತ್ತದೆ. ಬಣ್ಣ ನೀರಾದರೆ ಕವಲು ನಿಲ್ಲುವುದಿಲ್ಲ, ಕೂಡಿಕೊಂಡುಬಿಡುತ್ತದೆ.

ಇನ್ನೊಂದು, ಗದಗ ಜಿಲ್ಲೆಯ ದಂಬಳದ ದೊಡ್ಡಬಸಪ್ಪ ದೇವಸ್ಥಾನದ 24 ಮೂಲೆಗಳ ನಕ್ಷತ್ರದ ತಳವಿನ್ಯಾಸ. ಒಂದು ಚೌಕವನ್ನು 15 ಡಿಗ್ರಿಯಂತೆ ತಿರುಗಿಸಿ ಆರು ಚೌಕ ಹಾಕಿದರೆ 24 ಮೂಲೆ. ಅದರೊಳಗೆ ಅದೇ ನಕ್ಷತ್ರವನ್ನು 7.5 ಡಿಗ್ರಿ ತಿರುಗಿಸಿ 89.1%ಕ್ಕೆ ಇಟ್ಟರೆ ಒಳಗಿನ ಮೂಲೆಗಳು ಹೊರಗಿನ ಸಂದಿಗಳಲ್ಲಿ ಸರಿಯಾಗಿ ಕೂರುತ್ತವೆ. ಆರು ಸುತ್ತಿಗೆ ಅಳತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ಆರು ಸುತ್ತು ಮಾಡಿಕೊಂಡು, ಆಮೇಲೆ 50.1%, 25.1% ಎಂದು ಇದೇ ದುಪ್ಪಟ್ಟಿನ ಉಪಾಯದಲ್ಲಿ ಒಳಕ್ಕೆ ಹೋಗಬಹುದು. ರಂಗೋಲಿ ಬಿಡಿಸುವ ಕೈಗೆ ಇದು ಅರ್ಧ ದಿನದ ಕೆಲಸ.

ಮುದ್ರಣದಲ್ಲಿ ಹೋದ ದುಡ್ಡು ಹೆಚ್ಚು. ಮ್ಯಾಟ್ ಕಾಗದದಲ್ಲಿ ಮಸಿ ಹರಡುತ್ತದೆ; ಮೂರು ಪಿಕ್ಸೆಲ್‌ಗಿಂತ ಸಣ್ಣ ಸಂದಿ, ಅಂದರೆ ಕಾಲು ಮಿಲಿಮೀಟರ್, ಪೂರ್ತಿ ತುಂಬಿಹೋಗುತ್ತದೆ. ಮೊದಲ ಮೂರು ಎ2 ಪ್ರಿಂಟು, ತಲಾ ಎಂಟುನೂರು ಒಂಬೈನೂರರಂತೆ, ಕಪ್ಪು ಮುದ್ದೆಯಾಗಿ ಬಂದವು. ಐದನೆಯ ಸುತ್ತಿನ ಎಲೆ ಬುಡದಲ್ಲೇ 25 ಪಿಕ್ಸೆಲ್, ಅದರ ಒಳಗಿನ ಸಂದಿಗಳು ಮೂರಕ್ಕಿಂತ ಕೆಳಗೆ ಇಳಿಯುತ್ತವೆ. ನಾಲ್ಕಕ್ಕೆ ನಿಲ್ಲಿಸಿದ್ದು ಅದಕ್ಕೇ. ನೆರಳಿನ ಭಾಗವನ್ನು ಶೇಕಡಾ ಹತ್ತರಷ್ಟು ತಿಳಿಗೊಳಿಸಿ, ಗಿಡದ ತುದಿ, ನಡು, ಬುಡ ಮೂರು ಜಾಗಗಳಿಂದ ನಿಜ ಅಳತೆಯ ತುಂಡುಗಳನ್ನು ಒಂದೇ ಎ4ನಲ್ಲಿ ಜೋಡಿಸಿ ಅದೇ ಕಾಗದದಲ್ಲಿ ತೆಗೆಸಿ ನೋಡಬೇಕು. ಅದಕ್ಕೆ ನೂರು ನೂರಿಪ್ಪತ್ತು ರೂಪಾಯಿ. ಇದಾದ ಮೇಲೆ ಒಂದೂ ಪ್ರಿಂಟ್ ಹಾಳಾಗಿಲ್ಲ. ಎರಡೂವರೆ ಸಾವಿರದಂತೆ ಹತ್ತು ಹನ್ನೊಂದು ಮಾರಾಟವಾಗಿ ಹಾಕಿದ ದುಡ್ಡು ವಾಪಸು ಬಂದು ಕೈಯಲ್ಲೂ ಉಳಿದಿದೆ.

ಪ್ರತಿ ಸುತ್ತು ಮುಗಿದಾಗ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ, ಮೊದಲ ಜೋಡಿಯನ್ನು ಮರ್ಜ್ ಮಾಡದ ಪ್ರತಿಯಾಗಿ ಪಕ್ಕಕ್ಕಿಡಿ. ಗಿಡದ ಬಾಗು ಬದಲಿಸಬೇಕೆನಿಸಿದರೆ 2.5 ಡಿಗ್ರಿಯ ಜಾಗದಲ್ಲಿ 4 ಹಾಕಿ ಕಾಂಡದ ತುಂಡನ್ನು ಹೊಸದಾಗಿ ಬರೆದರೆ ಸಾಕು, ಎಲೆಗಳನ್ನು ಮುಟ್ಟಬೇಕಾಗಿಲ್ಲ.