ನಾಲ್ಕನೇ ಅಡ್ಡಮೂಳೆಯ ತುದಿ: ನಿಂತ ಹಸುವಿನ ಹೊಟ್ಟೆ ಆಪರೇಷನ್, ನನ್ನ ಅನುಭವ

ನಾನು ಪಶುವೈದ್ಯ. ಮೊನ್ನೆ ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯಲ್ಲಿ ಎಚ್‌ಎಫ್ ತಳಿಯ ಹಸುವೊಂದರ ರೂಮೆನ್‌ನಿಂದ (ಹೊಟ್ಟೆಯ ಮೊದಲ ದೊಡ್ಡ ಚೀಲದಿಂದ) 14–15 ಕೆ.ಜಿ. ಕಸ ತೆಗೆದೆ. ಬಹುಪಾಲು ಟೊಮೆಟೊ ಗಿಡ ಕಟ್ಟುವ ಪ್ಲಾಸ್ಟಿಕ್ ದಾರ, ಜೊತೆಗೆ ಮಲ್ಚಿಂಗ್ ಶೀಟಿನ ಚೂರುಗಳು. ಹಸು ಮೊದಲಿಂದ ಕೊನೆಯವರೆಗೂ ನಿಂತೇ ಇತ್ತು. ನನ್ನ ಕೈ ಮೊಣಕೈ ದಾಟಿ ಒಳಗಿದ್ದಾಗ ಮುಂದೆ ಹಾಕಿದ್ದ ಹಸಿ ಜೋಳದ ದಂಟಿಗೆ ಬಾಯಿ ಹಾಕಿತು. ಖರ್ಚಾದ ಲಿಗ್ನೋಕೇನ್ (ಜೋಮು ಹಿಡಿಸುವ ಔಷಧಿ) ಬರೀ 60 ಎಂಎಲ್. ಈ ವಿಧಾನದಲ್ಲಿ, ಅಂದರೆ ಬೆನ್ನೆಲುಬಿನಿಂದ ಬದಿಗೆ ಚಾಚಿದ ಅಡ್ಡಮೂಳೆಗಳ ತುದಿಯಲ್ಲಿ ಸೂಜಿ ಹಾಕಿ ಪಕ್ಕೆಯ ಮೂರು ನರಗಳಿಗೆ ಜೋಮು ಹಿಡಿಸುವ ಡಿಸ್ಟಲ್ ಬ್ಲಾಕ್‌ನಲ್ಲಿ, ನಾನು ಮಾಡಿದ್ದರಲ್ಲಿ ಅದು ನೂರ ಮೂವತ್ತರ ಆಸುಪಾಸಿನದು. 'ಡಿಸ್ಟಲ್ ಬ್ಲಾಕ್ ನಂಬಿಕೊಂಡು ಹೊಟ್ಟೆಗೆ ಬ್ಲೇಡು ಇಡಬೇಡಪ್ಪ' ಎಂದು ಬುದ್ಧಿ ಹೇಳಿದ್ದವರೇ ಈಗ ಫೋನ್ ಮಾಡಿ ಎಲ್ಲೆಲ್ಲಿ ಸೂಜಿ ಹಾಕ್ತೀಯ ಅಂತ ಕೇಳುತ್ತಿದ್ದಾರೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಬರೆದೇ ಬಿಡೋಣ ಎನಿಸಿತು.

ಕೋಲಾರ ಜಿಲ್ಲೆಯಲ್ಲಿ ಕೆಲಸ ಮಾಡಿದವರಿಗೆ ಈ ಕಾಯಿಲೆ ಯಾಕೆ ಬರುತ್ತದೆ ಎಂದು ವಿವರಿಸಬೇಕಿಲ್ಲ. ಟೊಮೆಟೊ ರೇಟು ಬಿದ್ದರೆ ಕೊನೆಯ ಕೊಯ್ಲು ತೋಟದಲ್ಲೇ ಉಳಿಯುತ್ತದೆ. ಅದೇ ತೋಟಕ್ಕೆ ದನ ಬಿಡುತ್ತಾರೆ. ಬಳ್ಳಿಯ ಜೊತೆ ದಾರವೂ ಒಳಗೆ ಹೋಗುತ್ತದೆ. ತಿಂಗಳುಗಟ್ಟಲೆ ಒಳಗೇ ಸುತ್ತಿ ಹಗ್ಗದ ಉಂಡೆಯಾಗುತ್ತದೆ. ಆಮೇಲೆ ಮೆಲುಕು ನಿಲ್ಲುತ್ತದೆ, ವಾರಕ್ಕೊಮ್ಮೆ ಉಬ್ಬರ, ಹಾಲು ಹದಿನಾಲ್ಕು ಲೀಟರಿನಿಂದ ನಾಲ್ಕಕ್ಕೆ ಇಳಿಯುತ್ತದೆ. ಎಣ್ಣೆ, ಪುಡಿ, ಇಂಜೆಕ್ಷನ್ ಎಲ್ಲ ಮುಗಿಸಿ ಕೊನೆಗೆ ನಮ್ಮ ಹತ್ತಿರ ಬರುತ್ತಾರೆ.

ನನ್ನ ಮೊದಲ ಸೋಲನ್ನು ಮರೆತಿಲ್ಲ. 2011ರ ಬೇಸಿಗೆ. ಓದುವಾಗ ಕಲಿತ ಪ್ರಕಾರ ಬೆನ್ನೆಲುಬಿನ ಪಕ್ಕದಲ್ಲೇ ಉದ್ದ ಸೂಜಿ ಇಳಿಸಿ ಪ್ರಾಕ್ಸಿಮಲ್ ಬ್ಲಾಕ್ ಕೊಟ್ಟೆ. ಹಸು ದಪ್ಪಗಿತ್ತು. ಮೊದಲನೇ ಅಡ್ಡಮೂಳೆ ಗಿಡ್ಡ, ಕೊನೆಯ ಪಕ್ಕೆಲುಬಿನ ಮರೆಯಲ್ಲಿರುತ್ತದೆ, ಕೈಗೆ ಸಿಗಲಿಲ್ಲ. ಸಿಕ್ಕ ಎರಡನೆಯದನ್ನೇ ಒಂದು ಎಂದು ಎಣಿಸಿದೆ. ಅಲ್ಲಿಂದ ಎಲ್ಲವೂ ಒಂದೊಂದು ಹಿಂದೆ ಹೋಯಿತು, ಎಲ್3 (ಸೊಂಟದ ಮೂರನೇ) ನರ ಜೋಮು ಹಿಡಿಯಿತು, ಹಿಂಗಾಲಿನ ಬಲ ಹೋಯಿತು. ರೂಮೆನ್ ತೆರೆದ ಐದೇ ನಿಮಿಷಕ್ಕೆ ಹಸು ಎಡಕ್ಕೇ ಕುಸಿದು ಮಲಗಿತು. ರೂಮೆನ್ ಒಳಗಿನ ನೀರು ಹೊಟ್ಟೆಯೊಳಕ್ಕೆ ಸುರಿಯಿತು. ಎಷ್ಟು ತೊಳೆದರೂ ನಾಲ್ಕನೇ ದಿನ ಸತ್ತಿತು. ಆಗಿನ ಲೆಕ್ಕದಲ್ಲಿ ಐವತ್ತು ಸಾವಿರದ ಹಸು. ಆ ಮನೆಯ ಅಜ್ಜಿ ಡೈರಿ ಬಟವಾಡೆಯಲ್ಲೇ ಜೀವನ ನಡೆಸುತ್ತಿದ್ದವರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. 'ಸಾರ್, ಔಷಧಿದು ಬಾಕಿ ಎಷ್ಟು ಕೊಡ್ಬೇಕು?' ಎಂದು ಮಾತ್ರ ಕೇಳಿದರು. ಆ ಮಾತಿನ ಭಾರ ಇವತ್ತಿಗೂ ನನ್ನ ಮೇಲಿದೆ. ಬಾಕಿ ಬಿಟ್ಟೆ, ಹತ್ತು ಸಾವಿರ ಕೈಯಿಂದ ಕೊಟ್ಟೆ. ಅದರಿಂದ ಅವರ ಹಸುವೇನೂ ವಾಪಸ್ ಬರಲಿಲ್ಲ.

ಆಮೇಲೆ ಮೂರು ವರ್ಷ ಇನ್ವರ್ಟೆಡ್ ಎಲ್‌ಗೇ, ಅಂದರೆ ಕುಯ್ಯುವ ಜಾಗದ ಮೇಲೂ ಮುಂದೂ ತಲೆಕೆಳಗಾದ ಎಲ್ ಆಕಾರದಲ್ಲಿ ಔಷಧಿ ತುಂಬುವ ವಿಧಾನಕ್ಕೇ, ಅಂಟಿಕೊಂಡೆ. ಹಸುವಿಗೆ ನಾಲ್ಕೈದು ವಯಲ್, ಅಂದರೆ 120ರಿಂದ 150 ಎಂಎಲ್. ಚರ್ಮ, ಮಾಂಸ ಚೆನ್ನಾಗಿಯೇ ಜೋಮು ಹಿಡಿಯುತ್ತಿತ್ತು. ಆದರೆ ಪೆರಿಟೋನಿಯಂಗೆ (ಹೊಟ್ಟೆಯ ಒಳಪೊರೆಗೆ) ಕತ್ತರಿ ಹಾಕಿದ ಕ್ಷಣ ಹಸು ನೆಗೆಯುತ್ತಿತ್ತು. ಅಷ್ಟು ಔಷಧಿ ಒಂದೇ ಕಡೆ ತುಂಬಿ ಮಾಂಸ ನೀರು ಕುಡಿದ ಸ್ಪಂಜಿನಂತಾಗುತ್ತಿತ್ತು. ನಾಲ್ಕೈದರಲ್ಲಿ ಒಂದಕ್ಕೆ ಗಾಯ ಕೀವಾಗುತ್ತಿತ್ತು. ರೈತನಿಗೆ ಆಂಟಿಬಯೋಟಿಕ್‌ಗೆ ಇನ್ನೊಂದೂವರೆ–ಎರಡು ಸಾವಿರ, ಜೊತೆಗೆ ಅಷ್ಟು ದಿನ ಡೈರಿಗೆ ಹಾಲು ಹಾಕುವಂತಿಲ್ಲ. ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾನು ಹಿಡಿಯುತ್ತೇನೆ.

ಡಿಸ್ಟಲ್ ಬ್ಲಾಕ್ ಶುರು ಮಾಡಿದ್ದು ಆಗ. ಮೊದಲ ಮೂರೂ ಹಾಳಾದವು. ಮೂರಕ್ಕೂ ಮೇಲಿನ ಮುಕ್ಕಾಲು ಭಾಗ ಕುಯ್ಯುವವರೆಗೆ ಹಸು ತೆಪ್ಪಗಿರುತ್ತಿತ್ತು, ಬ್ಲೇಡು ಕೆಳತುದಿಗೆ ಬಂದ ಕೂಡಲೇ ಒದೆತ. ನಾನು ಹಾಕುತ್ತಿದ್ದದ್ದು ಒಂದು, ಎರಡು, ಮೂರನೇ ಅಡ್ಡಮೂಳೆಗಳ ತುದಿಗೆ. ನರ ಮೂರು, ಮೂಳೆಯೂ ಮೂರು ಎಂಬ ಲೆಕ್ಕ ನನ್ನದು. ಲಿಗ್ನೋಕೇನೇ ಕಳಪೆ ಎಂದುಕೊಂಡು ಬೇರೆ ಕಂಪನಿಯದು ತರಿಸಿದೆ. ಅದೂ ಅಷ್ಟೇ.

ಉತ್ತರ ಸಿಕ್ಕಿದ್ದು ಸತ್ತ ಹಸುವಿನಲ್ಲಿ. ಕೆಚ್ಚಲು ಬಾವಿನಿಂದ ಸತ್ತಿದ್ದ ಒಂದು ಹಸುವನ್ನು ಹೂಳುವ ಮುಂಚೆ ಎರಡು ಗಂಟೆ ಬಿಟ್ಟುಕೊಡಿ ಎಂದು ಮನೆಯವರನ್ನು ಕೇಳಿಕೊಂಡೆ. ಮಾವಿನ ತೋಪಿನ ಅಂಚು, ಬಿಸಿಲು ಏರುವ ಮುಂಚೆ. ಬರೆಯುವ ನೀಲಿ ಇಂಕನ್ನು ನೀರಿಗೆ ಬೆರೆಸಿ, ಜೀವಂತ ಹಸುವಿಗೆ ಹಾಕುವ ಹಾಗೆಯೇ ಒಂದರಿಂದ ನಾಲ್ಕರವರೆಗೆ ನಾಲ್ಕೂ ತುದಿಗಳಿಗೆ ಹಾಕಿದೆ. ಚರ್ಮ ಸುಲಿದೆ. ಮೇಲೆ ಎಕ್ಸ್‌ಟರ್ನಲ್ ಆಬ್ಲಿಕ್ ಎಂಬ ಮಾಂಸದ ಪದರ, ಅದರ ಎಳೆಗಳು ಹಿಂದಕ್ಕೆ ಕೆಳಮುಖ. ಅದರಡಿ ಇಂಟರ್ನಲ್ ಆಬ್ಲಿಕ್, ಎಳೆ ಮುಂದಕ್ಕೆ ಕೆಳಮುಖ, ಸೊಂಟದ ಮೂಳೆಯ ಹತ್ತಿರ ದಪ್ಪ. ಇವೆರಡನ್ನೂ ಎಳೆ ಹಿಡಿದು ಬಿಡಿಸಿ ಮಡಚಿದಾಗ ತೆಳ್ಳಗಿನ ಟ್ರಾನ್ಸ್‌ವರ್ಸ್ ಪದರ ಕಂಡಿತು, ಎಳೆ ನೇರ ಮೇಲಿಂದ ಕೆಳಗೆ. ಅದರ ಮೇಲೆಯೇ ನರಗಳು, ಬಿಳಿ ಗೋಣಿದಾರದಂತೆ, ಹಿಂದಕ್ಕೆ ಓರೆಯಾಗಿ ಇಳಿದಿದ್ದವು. ಬೆರಳು ಇಟ್ಟು ಒಂದೊಂದನ್ನೇ ಮೇಲಕ್ಕೆ ಹಿಂಬಾಲಿಸಿದೆ. ಟಿ13 (ಎದೆಭಾಗದ ಕೊನೆಯ ನರ) ಮೊದಲನೇ ತುದಿಯ ಬಳಿ, ಎಲ್1 (ಸೊಂಟದ ಮೊದಲನೆಯದು) ಎರಡನೇ ತುದಿಯ ಬಳಿ. ಎಲ್2 ಮಾತ್ರ ನಾಲ್ಕನೇ ತುದಿಯ ಬಳಿ! ಮೂರನೇ ತುದಿಗೆ ಹಾಕಿದ್ದ ಇಂಕು ಎರಡು ನರಗಳ ನಡುವಿನ ಖಾಲಿ ಜಾಗವನ್ನು ನೀಲಿ ಮಾಡಿ ಕೂತಿತ್ತು. ಪುಸ್ತಕದಲ್ಲಿ ಒಂದು, ಎರಡು, ನಾಲ್ಕು ಎಂದೇ ಇದೆ, ನಾನೂ ಓದಿದ್ದೆ. ಕಣ್ಣಾರೆ ಕಂಡ ಮೇಲೇ ಅದು ಕೈಗೆ ಇಳಿದದ್ದು.

ಅಂದಿನಿಂದ ನಾನು ಹಿಂದಿನಿಂದ ಎಣಿಸುತ್ತೇನೆ. ಆರನೇ ಅಡ್ಡಮೂಳೆ ಸೊಂಟದ ಮೂಳೆಯ ಮರೆಯಲ್ಲಿ, ಕೈಗೆ ಸಿಗುವುದಿಲ್ಲ. ಸೊಂಟದ ಮೂಳೆಯ ಮುಂದೆ ಮೊದಲು ಸಿಗುವುದು ಐದು, ಅದರ ಮುಂದಿನದು ನಾಲ್ಕು. ಅಲ್ಲಿಂದ ಮೂರು ಬಿಟ್ಟು ಎರಡು, ಆಮೇಲೆ ಒಂದು. ಎಷ್ಟು ದಪ್ಪ ಹಸುವಾದರೂ ಈ ಎಣಿಕೆ ತಪ್ಪಿಲ್ಲ. ಪ್ರತಿ ತುದಿಯ ಕೆಳಗೆ ಬೀಸಣಿಗೆಯಂತೆ ಸೂಜಿ ತಿರುಗಿಸುತ್ತ 15 ಎಂಎಲ್, ಮೇಲೆ 5 ಎಂಎಲ್. ಮಾಮೂಲಿ 18 ಗೇಜ್ ಸೂಜಿ ಸಾಕು, ಆರಿಂಚಿನದ್ದು ಬೇಕಿಲ್ಲ. ಕಾಯುವುದು 12 ನಿಮಿಷ, ಗಡಿಯಾರ ನೋಡಿಕೊಂಡು. ರೈತರು ಅವಸರ ಮಾಡಿದರೂ ಬಿಡಬಾರದು.

ಹಿರಿಯರೊಬ್ಬರಿಗೆ ಇದರ ಮೇಲೆ ನಂಬಿಕೆ ಬಾರದ್ದಕ್ಕೆ ಕಾರಣ ಆಮೇಲೆ ಗೊತ್ತಾಯಿತು. ಪ್ರಾಕ್ಸಿಮಲ್ ಬ್ಲಾಕ್ ಹಿಡಿದರೆ ಬೆನ್ನು ಆ ಕಡೆಗೆ ಬಿಲ್ಲಿನ ಹಾಗೆ ಉಬ್ಬುತ್ತದೆ, ಅವರು ಅದನ್ನೇ ಹುಡುಕುತ್ತಿದ್ದರು. ತುದಿಯಲ್ಲಿ ಹಾಕಿದಾಗ ಬೆನ್ನಿನ ಮಾಂಸಕ್ಕೆ ಜೋಮು ತಟ್ಟುವುದಿಲ್ಲ, ಹಾಗಾಗಿ ಬೆನ್ನು ಬಾಗುವುದೂ ಇಲ್ಲ, ಕಾಲು ಸಡಿಲವಾಗುವುದೂ ಇಲ್ಲ. ಅದಕ್ಕೇ 'ಬ್ಲಾಕ್ ಹಿಡಿದೇ ಇಲ್ಲ, ಕುಯ್ಯಬೇಡ' ಎನ್ನುತ್ತಿದ್ದರು. ಒಂದು ಸಲ ಅವರನ್ನೇ ಮಾಲೂರಿನ ಹತ್ತಿರದ ಕೇಸಿಗೆ ಕರೆದೊಯ್ದು, ಪಕ್ಕೆಯ ಮೇಲಿಂದ ಕೆಳಗೆ ಸೂಜಿ ಚುಚ್ಚಿ ತೋರಿಸಿದೆ. ಹಸು ಬಾಲವನ್ನೂ ಅಲ್ಲಾಡಿಸಲಿಲ್ಲ. 'ಸರಿ, ಮಾಡು ಮಾರಾಯ' ಎಂದರು.

ರಕ್ತನಾಳದ ವಿಷಯ ಒಂದೇ ಹೇಳುತ್ತೇನೆ. ಕೊನೆಯ ಪಕ್ಕೆಲುಬಿನಿಂದ ನಾಲ್ಕು ಬೆರಳು ಹಿಂದೆ, ಅದಕ್ಕೆ ಸಮನಾಗಿ ಕುಯ್ದರೆ ಹತ್ತಿಯಲ್ಲಿ ಒತ್ತಿ ನಿಲ್ಲಿಸುವಷ್ಟೇ ರಕ್ತ. ಜಾಗ ಸಾಲದು ಎಂದು ಒಂದು ಸಲ ಸೊಂಟದ ಮೂಳೆಯ ಕಡೆಗೆ ಸರಿದೆ, ಡೀಪ್ ಸರ್ಕಮ್‌ಫ್ಲೆಕ್ಸ್ ಇಲಿಯಾಕ್ ರಕ್ತನಾಳದ ಕವಲು ಸಿಕ್ಕಿಹಾಕಿಕೊಂಡಿತು. ಇಂಟರ್ನಲ್ ಆಬ್ಲಿಕ್ ಅಡಿಯಿಂದ ಚಿಮ್ಮುವ ರಕ್ತದಲ್ಲಿ ತುದಿ ಹುಡುಕಿ ಕಟ್ಟುವ ಹೊತ್ತಿಗೆ ಅರ್ಧ ಗಂಟೆ ಹೋಯಿತು. ಮುಂದಕ್ಕೆ ಕುಯ್ದರೆ ರೆಟಿಕ್ಯುಲಂ (ರೂಮೆನ್ ಮುಂದಿನ ಚೀಲ) ಕೂಡ ಕೈಗೆಟುಕುತ್ತದೆ, ಹಸು ನುಂಗಿದ ತಂತಿ ಹುಡುಕುವುದಕ್ಕೂ ಅನುಕೂಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಒದೆತ ತಪ್ಪಲಿ ಎಂದು ಸ್ವಲ್ಪವೇ ಸ್ವಲ್ಪ ಝೈಲಜಿನ್ (ಮಂಪರು ಬರಿಸುವ ಔಷಧಿ) ಕೊಟ್ಟು ನೋಡಿದೆ. ಆರರಲ್ಲಿ ಎರಡು ಮಲಗಿಬಿಟ್ಟವು, ಕೈಬಿಟ್ಟೆ. ಮೇಕೆಯ ಸಿಸೇರಿಯನ್‌ಗೂ ಇದೇ ಬ್ಲಾಕ್ ಹಾಕಿದೆ, ಚೆನ್ನಾಗಿ ಬಂತು. ಆದರೆ ಮೇಕೆಗೆ ಲಿಗ್ನೋಕೇನ್ ಬೇಗ ನಂಜಾಗುತ್ತದೆ. 2 ಪರ್ಸೆಂಟಿನದ್ದಕ್ಕೆ ಅಷ್ಟೇ ಸಲೈನ್ ಬೆರೆಸಿ, 25 ಕೆ.ಜಿ.ಯ ಮೇಕೆಗೆ ಎಲ್ಲ ಸೇರಿ 12 ಎಂಎಲ್ ದಾಟಿಸಲಿಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ: ನನ್ನ ಕೇಸುಗಳಲ್ಲಿ ದಾರ, ಕ್ಯಾಟ್‌ಗಟ್, ಔಷಧಿ, ಡ್ರಿಪ್ಪು ಎಲ್ಲ ಸೇರಿ ರೈತನಿಗೆ ಮೂರು ಸಾವಿರದ ಒಳಗೆ ಮುಗಿಯುತ್ತದೆ. ಇನ್ವರ್ಟೆಡ್ ಎಲ್ ಕಾಲದಲ್ಲಿ ಐದು ಸಾವಿರ ಮುಟ್ಟುತ್ತಿತ್ತು. ಕೀವು ಈಗ ಹತ್ತರಲ್ಲಿ ಒಂದಕ್ಕಿಂತ ಕಮ್ಮಿ. ಮಾಂಸ ಊದಿರುವುದಿಲ್ಲವಾದ್ದರಿಂದ ಪದರ ಪದರವಾಗಿ ಕಾಣುತ್ತದೆ, ಪೆರಿಟೋನಿಯಂ ಜೊತೆಗೆ ಟ್ರಾನ್ಸ್‌ವರ್ಸ್ ಸೇರಿಸಿ ಒಂದು ಸಾಲು, ಆಬ್ಲಿಕ್‌ಗಳಿಗೆ ಒಂದೊಂದು ಸಾಲು, ಹೊಲಿಗೆ ಅಂದವಾಗಿ ಕೂರುತ್ತದೆ. ರೂಮೆನ್ ಅನ್ನು ಚರ್ಮಕ್ಕೆ ಹಿಡಿಸುವುದಕ್ಕೆ ನನ್ನದೇ ಒಂದು ಹೊಲಿಗೆ ಇದೆ, ಒಂದು ಹನಿಯೂ ಒಳಗೆ ಇಳಿಯದು. ಅದನ್ನು ಬರೆದು ತಿಳಿಸಲಾಗದು, ತಿಳಿಸುವ ಮನಸ್ಸೂ ಇಲ್ಲ. ಬೇಕಾದವರು ಒಂದು ಬೆಳಿಗ್ಗೆ ಕೊಟ್ಟಿಗೆಗೆ ಬಂದು ಪಕ್ಕದಲ್ಲಿ ನಿಲ್ಲಲಿ.

ಶ್ರೀನಿವಾಸಪುರದ ಹಸುವಿನ ಹೊಲಿಗೆ ಹದಿಮೂರನೇ ದಿನ ಬಿಚ್ಚಿ ಬಂದೆ. ಹಾಲು ಒಂಬತ್ತು ಲೀಟರಿಗೆ ಬಂದಿತ್ತು. ಮನೆಯಾಕೆ ಆ ದಾರದ ಉಂಡೆಯನ್ನು ತೊಳೆದು ಬೇಲಿಯ ಮೇಲೆ ಒಣಹಾಕಿದ್ದರು. ಯಾಕಮ್ಮ ಎಂದರೆ, 'ನಮ್ಮ ಯಜಮಾನ್ರು ತೋಟಕ್ಕೆ ದನ ಬಿಡೋ ಮುಂಚೆ ಒಂದ್ಸಲ ನೋಡ್ಲಿ ಅಂತ ಸಾರ್' ಎಂದರು.