ಹಂಪಿಯ ದಾರಿಯಲ್ಲೇ ಇಳಿದು ನೋಡಿ: ಗದಗ–ಕೊಪ್ಪಳ ಸೀಮೆಯ ಪ್ರವಾಸ ಹೀಗಿರಲಿ

ಹುಬ್ಬಳ್ಳಿಯಿಂದ ಹೊಸಪೇಟೆಗೆ ರೈಲಿನಲ್ಲಾಗಲಿ, ರಾಷ್ಟ್ರೀಯ ಹೆದ್ದಾರಿ 67ರಲ್ಲಾಗಲಿ ಸಾಗುವ ಪ್ರವಾಸಿಗರಲ್ಲಿ ಹೆಚ್ಚಿನವರು ಗದಗ ಮತ್ತು ಕೊಪ್ಪಳವನ್ನು ಕಿಟಕಿಯಿಂದಲೇ ನೋಡಿ ಮುಂದೆ ಹೋಗುತ್ತಾರೆ. 1997ರಲ್ಲಿ ಪ್ರತ್ಯೇಕ ಜಿಲ್ಲೆಗಳಾದ ಈ ಎರಡು ಸೀಮೆಗಳಲ್ಲಿ ಅಶೋಕನ ಶಾಸನಗಳು, ಬೃಹತ್ ಶಿಲಾಯುಗದ ಸಮಾಧಿಗಳು, ಕಲ್ಯಾಣ ಚಾಲುಕ್ಯರ ಕಾಲದ ಅತ್ಯುತ್ತಮ ದೇಗುಲಗಳು ಒಂದು ದಿನದ ಓಡಾಟದ ಅಂತರದಲ್ಲಿವೆ. ಹಂಪಿಯ ಯೋಜನೆಗೆ ಮೂರು ದಿನ ಹೆಚ್ಚಿಗೆ ಸೇರಿಸಿಕೊಂಡು, ಇವನ್ನು ಮೊದಲು ನೋಡಿ ಆಮೇಲೆ ಹಂಪಿಗೆ ಹೋಗುವುದು ನನ್ನ ಸಲಹೆ. ಹಂಪಿಯ ಭವ್ಯತೆಯನ್ನು ಕಂಡ ಕಣ್ಣಿಗೆ ಇಟಗಿಯ ಸೂಕ್ಷ್ಮ ಕೆತ್ತನೆ ಬೇಗ ಹಿಡಿಸುವುದಿಲ್ಲ.

ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಅವಧಿಯೇ ಪ್ರಶಸ್ತ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿನ ಬಂಡೆಗಳು ಬೆಳಿಗ್ಗೆ ಹತ್ತರ ಹೊತ್ತಿಗೇ ಕಾದಿರುತ್ತವೆ, ಹಾಗಾಗಿ ಬೆಟ್ಟ ಹತ್ತುವ ಮಾತನ್ನೇ ಆಡುವಂತಿಲ್ಲ. ಆದರೆ ಜನವರಿಯ ಸುಮಾರಿಗೆ ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಜಾತ್ರೆ ನಡೆಯುತ್ತದೆ. ಜಾತ್ರೆಯನ್ನೇ ನೋಡುವ ಇಚ್ಛೆಯಿದ್ದರೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಇಲ್ಲದಿದ್ದರೆ ಆ ವಾರವನ್ನು ತಪ್ಪಿಸಿ, ಏಕೆಂದರೆ ಊರಿನಲ್ಲಿ ತಂಗಲು ಕೋಣೆ ಸಿಗುವುದು ಕಷ್ಟ.

ಮೊದಲ ರಾತ್ರಿ ಗದಗಿನಲ್ಲಿ, ಉಳಿದ ಎರಡು ರಾತ್ರಿ ಕೊಪ್ಪಳದಲ್ಲಿ ಅಥವಾ ಗಂಗಾವತಿಯಲ್ಲಿ ತಂಗುವುದು ಅನುಕೂಲ. ಲಕ್ಕುಂಡಿ ಹೆದ್ದಾರಿಯ ಮೇಲೆಯೇ ಇರುವುದರಿಂದ ಅಲ್ಲಿಗೆ ಬಸ್ಸುಗಳಿಗೆ ಕೊರತೆಯಿಲ್ಲ. ಇಟಗಿ, ಡಂಬಳ, ಹಿರೇಬೆಣಕಲ್‌ಗಳಿಗೆ ಬಸ್ಸನ್ನೇ ನಂಬಿದರೆ ಅರ್ಧ ದಿನ ನಿಲ್ದಾಣದಲ್ಲಿಯೇ ಕಳೆಯಬೇಕಾದೀತು. ಆದ್ದರಿಂದ ಗದಗಿನಲ್ಲಿ ಒಂದು ದಿನದ ಮಟ್ಟಿಗೆ ಬಾಡಿಗೆ ಕಾರು ಗೊತ್ತುಮಾಡಿಕೊಳ್ಳಿ, ಮತ್ತು ಹೊರಡುವ ಮೊದಲೇ ಚಾಲಕನಿಗೆ ಎಲ್ಲ ಊರುಗಳ ಹೆಸರನ್ನೂ ಹೇಳಿ ಬಾಡಿಗೆಯನ್ನು ಖಚಿತಪಡಿಸಿಕೊಳ್ಳಿ.

ಗದಗಿನಿಂದ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿಯನ್ನು ಬೆಳಿಗ್ಗೆಯೇ ಮುಟ್ಟಬೇಕು. ಇಲ್ಲಿನ ಗುಡಿಗಳು ಮನೆಗಳ ನಡುವೆ, ಹಿತ್ತಿಲುಗಳ ಬದಿಯಲ್ಲಿ ಚದುರಿವೆ. ವಾಹನವನ್ನು ಒಂದೆಡೆ ನಿಲ್ಲಿಸಿ ನಡೆದೇ ನೋಡುವುದು ಲೇಸು. ದಾನಚಿಂತಾಮಣಿ ಎಂದು ಹೆಸರಾದ ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದಿಂದ ಆರಂಭಿಸಿ. ಅದರ ಮಂಟಪದಲ್ಲಿರುವ ನಾಲ್ಕು ಮುಖದ ಬ್ರಹ್ಮನ ಮೂರ್ತಿಯನ್ನು ಅವಸರದಲ್ಲಿ ದಾಟಬೇಡಿ. ಕಾಶಿವಿಶ್ವನಾಥ ಗುಡಿಯಲ್ಲಿ ಶಿವನ ಗರ್ಭಗುಡಿಗೆ ಎದುರಾಗಿ ಸೂರ್ಯನದೂ ಒಂದು ಗುಡಿಯಿದೆ, ಎರಡೂ ಒಂದೇ ಜಗತಿಯ (ಎತ್ತರದ ಕಟ್ಟೆಯ) ಮೇಲೆ ಮುಖಾಮುಖಿಯಾಗಿ ನಿಂತಿವೆ. ಮಾಣಿಕೇಶ್ವರನ ಮುಂದಿರುವ ಮುಸುಕಿನ ಬಾವಿಯನ್ನು ಕೊನೆಗೆ ಇಟ್ಟುಕೊಳ್ಳಿ: ಮೂರು ಕಡೆಯಿಂದ ಇಳಿಯುವ ಮೆಟ್ಟಿಲುಗಳ ನಡುವೆ ಗೋಡೆಯೊಳಗೆ ಪುಟ್ಟ ಪುಟ್ಟ ಗೂಡುಗುಡಿಗಳಿದ್ದು, ಬಿಸಿಲು ಮೇಲೇರಿದಾಗಲೇ ಅವುಗಳೊಳಗೆ ಬೆಳಕು ಸರಿಯಾಗಿ ಬೀಳುತ್ತದೆ.

ಲಕ್ಕುಂಡಿಯ ಬಳಿಕ ಇಟಗಿಗೆ ಹೋಗಿ. ಈ ಪ್ರವಾಸದಲ್ಲಿ ಒಂದೇ ಒಂದು ಗುಡಿಯನ್ನು ನೋಡಲು ಸಮಯವಿದೆ ಎನ್ನುವವರಿಗೆ ನಾನು ಹೇಳುವ ಹೆಸರು ಇದೇ. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾಗಿದ್ದ ಮಹಾದೇವನು 1112ರಲ್ಲಿ ಕಟ್ಟಿಸಿದ ಈ ಮಹಾದೇವ ದೇವಾಲಯವನ್ನು ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡುತ್ತದೆ. ಶಾಸನಕಾರರ ಹೊಗಳಿಕೆಯನ್ನು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸಿಯೇ ಓದಬೇಕಾದರೂ ಇಲ್ಲಿ ಆ ಅಗತ್ಯ ಕಾಣುವುದಿಲ್ಲ. ಕಟ್ಟಡಕ್ಕೆ ಬಳಸಿರುವುದು ಬಳಪದ ಕಲ್ಲಿನ ಜಾತಿಯ ಮೃದು ಶಿಲೆ. ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಒಗ್ಗುವ ಈ ಕಲ್ಲಿನಲ್ಲಿ ಆಭರಣದಷ್ಟು ನವುರಾದ ಕೆಲಸ ಸಾಧ್ಯವಾಗಿದೆ. ಮಂಟಪದಲ್ಲಿ ತಿರುಗಣೆಯ (ತಿರುಗಿಸಿ ಕಡೆದ) ಕಂಬವೊಂದರ ಎದುರು ಕುಳಿತು, ಅದರ ಅಂಚುಗಳನ್ನು ಬುಡದಿಂದ ಮೇಲಕ್ಕೆ ನಿಧಾನವಾಗಿ ಕಣ್ಣಿನಲ್ಲೇ ಹಿಂಬಾಲಿಸಿ. ಆಮೇಲೆ ಹೊರಗೆ ಬಂದು ಪ್ರಾಕಾರವನ್ನು ಸುತ್ತಿ: ಮುಖ್ಯ ಗುಡಿಯ ಸುತ್ತ 13 ಚಿಕ್ಕ ಲಿಂಗಗುಡಿಗಳಿದ್ದವು, ಜೊತೆಗೆ ದಂಡನಾಯಕನು ತನ್ನ ತಂದೆ ಮೂರ್ತಿನಾರಾಯಣ ಮತ್ತು ತಾಯಿ ಚಂದ್ರಲೇಶ್ವರಿಯ ಹೆಸರಿನಲ್ಲಿ ಕಟ್ಟಿಸಿದ ಎರಡು ಗುಡಿಗಳೂ ಇವೆ. ಒಂದೂವರೆ ಗಂಟೆಗಿಂತ ಕಡಿಮೆ ಸಮಯ ಇಟ್ಟುಕೊಂಡು ಇಲ್ಲಿಗೆ ಬರಬೇಡಿ.

ಸಮೀಪದ ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳಿವೆ; ಹೊತ್ತಿದ್ದರೆ ನೋಡಿ. ಡಂಬಳದ ದೊಡ್ಡಬಸಪ್ಪನ ಗುಡಿ ಗದಗಿನ ಇನ್ನೊಂದು ದಿಕ್ಕಿಗಿದೆ. ಅದರ ನಕ್ಷತ್ರಾಕಾರದ ತಲವಿನ್ಯಾಸಕ್ಕೆ 24 ಮೂಲೆಗಳಿರುವುದರಿಂದ ದೂರಕ್ಕೆ ಇಡೀ ಗುಡಿ ದುಂಡಗೆ ಕಾಣುತ್ತದೆ. ಚಳಿಗಾಲದಲ್ಲಿ ಬಂದವರು ಗದಗಿನಿಂದ ಸುಮಾರು 26 ಕಿಲೋಮೀಟರ್ ದೂರದ ಮಾಗಡಿ ಕೆರೆಯನ್ನೂ ಪಟ್ಟಿಗೆ ಸೇರಿಸಬಹುದು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿ ತಂಗುತ್ತವೆ, 2024ರಲ್ಲಿ ಈ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ದುರ್ಬೀನು ಒಯ್ಯಿರಿ, ದಂಡೆಯಿಂದ ಕೆಳಗಿಳಿಯಬೇಡಿ.

ಎರಡನೆಯ ದಿನ ಕೊಪ್ಪಳಕ್ಕೆ ಬನ್ನಿ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳ್ನಾಡನ್ನು, ಅಂದರೆ ಅಚ್ಚಗನ್ನಡದ ಸೀಮೆಯನ್ನು, ಹೇಳುವಾಗ ಬರುವ ‘ಮಹಾ ಕೊಪಣನಗರ’ ಇದೇ. ಅದಕ್ಕೂ ಸಾವಿರ ವರ್ಷ ಹಿಂದಿನ ಅಶೋಕನ ಎರಡು ಕಿರು ಬಂಡೆಶಾಸನಗಳು ಇಲ್ಲಿ 1931ರಲ್ಲಿ ಬೆಳಕಿಗೆ ಬಂದವು. ಒಂದು ಗವಿಮಠದ ಗುಡ್ಡದಲ್ಲಿದೆ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಬ್ರಾಹ್ಮಿ ಅಕ್ಷರಗಳು ಮೇಲೆ ಬಿಸಿಲು ಬಿದ್ದಾಗ ಕಲ್ಲಿನಲ್ಲಿ ಕರಗಿದಂತಿರುತ್ತವೆ. ಬೆಳಿಗ್ಗೆ ಅಥವಾ ಸಂಜೆಯ ಓರೆಬೆಳಕಿನಲ್ಲಿ ಮಾತ್ರ ಸಾಲುಗಳು ಎದ್ದು ತೋರುತ್ತವೆ. ಗವಿಮಠವು ಜೀವಂತ ಮಠವಾದ್ದರಿಂದ ಪಾದರಕ್ಷೆ, ಉಡುಪು, ಮಾತು ಎಲ್ಲದರಲ್ಲೂ ಅಲ್ಲಿನ ಶಿಸ್ತನ್ನು ಪಾಲಿಸಬೇಕು.

ಮೂರನೆಯ ದಿನವನ್ನು ಪೂರ್ತಿಯಾಗಿ ಹಿರೇಬೆಣಕಲ್‌ಗೆ ಮೀಸಲಿಡಿ. ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿರುವ ಈ ಊರಿನ ಬೆಟ್ಟದ ಮೇಲೆ ಬೃಹತ್ ಶಿಲಾಯುಗದ ಸುಮಾರು 400 ರಚನೆಗಳಿವೆ. 2021ರಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಊರಿನವರಿಗೆ ಇದು ಮೋರೇರ ಗುಡ್ಡ. ಕುಳ್ಳ ದೇಹದ ಮೋರೇರು ಎಂಬ ಜನ ಇಲ್ಲಿ ಮನೆ ಕಟ್ಟಿಕೊಂಡು ವಾಸಿಸಿದ್ದರೆಂಬ ಕಥೆಯಿದೆ, ರಚನೆಗಳನ್ನು ಕಂಡರೆ ಆ ಕಥೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಗಾರೆಯಿಲ್ಲದೆ ನಿಲ್ಲಿಸಿದ ಚಪ್ಪಡಿಗಳು, ಮೇಲೊಂದು ಭಾರಿ ಹಾಸುಗಲ್ಲು, ಎದುರಿನ ಚಪ್ಪಡಿಯಲ್ಲಿ ಕೊರೆದ ದುಂಡನೆಯ ಕಂಡಿ. ಇಂಥವು ಓಣಿಯ ಮನೆಗಳಂತೆ ಸಾಲಾಗಿ ನಿಂತಿವೆ. ಹತ್ತುವ ದಾರಿಯ ಬಂಡೆಯಾಸರೆಗಳಲ್ಲಿ ಕೆಮ್ಮಣ್ಣಿನ ಬಣ್ಣದ ಚಿತ್ರಗಳೂ ಉಂಟು. ಎತ್ತರದ ಗುಂಡಿನ ಮೇಲೆ ಕುಳಿತ ನಗಾರಿಯಾಕಾರದ ಅರೆಗೋಳದ ಬಂಡೆಯೂ ಅಲ್ಲಿದೆ; ಬಡಿದರೆ ದೂರದವರೆಗೂ ಕೇಳುತ್ತದೆಂಬ ಪ್ರಸಿದ್ಧಿ ಅದರದು. ದಯವಿಟ್ಟು ಕಲ್ಲಿನಿಂದ ಬಡಿದು ಪರೀಕ್ಷಿಸಬೇಡಿ.

ದಾರಿಯುದ್ದಕ್ಕೂ ಫಲಕಗಳನ್ನು ನೆಚ್ಚಿಕೊಳ್ಳದೆ ಊರಿನಲ್ಲಿ ಜಾಡು ಬಲ್ಲವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ಒಂದು ದಿನದ ಕೂಲಿಯನ್ನು ಚೌಕಾಶಿಯಿಲ್ಲದೆ ಕೊಡಿ. ತಲೆಗೆ ಎರಡು ಮೂರು ಲೀಟರ್ ನೀರು, ಟೋಪಿ, ಹಿಡಿತವಿರುವ ಬೂಟು, ಕಟ್ಟಿಸಿಕೊಂಡ ಬುತ್ತಿ ಇರಲಿ, ಮೇಲೆ ಅಂಗಡಿಯಿಲ್ಲ. ಸೂರ್ಯೋದಯದ ಹೊತ್ತಿಗೆ ಹತ್ತಲು ತೊಡಗಿ ಮಧ್ಯಾಹ್ನದೊಳಗೆ ಇಳಿಯುವುದು ಸರಿ. ಈ ಭಾಗದ ಗುಡ್ಡಗಳಲ್ಲಿ ಕರಡಿ, ಚಿರತೆಗಳಿರುವುದರಿಂದ ಮುಸ್ಸಂಜೆಯವರೆಗೆ ಉಳಿಯುವ ಸಾಹಸ ಬೇಡ. ಕಂಡಿಯೊಳಗೆ ತೂರಿ ಫೋಟೊ ತೆಗೆಸಿಕೊಳ್ಳುವುದು, ಹಾಸುಗಲ್ಲಿನ ಮೇಲೆ ಹತ್ತುವುದು ಕೂಡದು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ತೂಕದ ಮೇಲೆಯೇ ನಿಂತ ಕಲ್ಲುಗಳು ಅವು. ನೆಲದಲ್ಲಿ ಮಡಕೆ ಚೂರು ಕಂಡರೆ ಅಲ್ಲಿಯೇ ಬಿಡಿ.

ಊಟದ ಚಿಂತೆ ಈ ಸೀಮೆಯಲ್ಲಿಲ್ಲ. ಯಾವ ತಾಲ್ಲೂಕು ಕೇಂದ್ರದಲ್ಲಾದರೂ ಖಾನಾವಳಿಯಿದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು ಸಿಗುತ್ತವೆ. ಸಂಜೆಗೆ ಗಿರ್ಮಿಟ್, ಮಿರ್ಚಿ.

ಹಿಂದಿರುಗುವ ಮುನ್ನ ಕೊಪ್ಪಳದ ಸಮೀಪದ ಕಿನ್ನಾಳಕ್ಕೆ ಹೋಗಿ, ಚಿತ್ರಗಾರರ ಮನೆಗಳಲ್ಲಿಯೇ ಗೊಂಬೆ ಕೊಳ್ಳಿ. ಹಗುರ ಮರದ ತುಂಡುಗಳನ್ನು ಜೋಡಿಸಿ, ಸೆಣಬಿನ ಚಿಂದಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನಿಂದಾದ ಕಿಟ್ಟವನ್ನು ಮೆತ್ತಿ, ಆಮೇಲೆ ಬಣ್ಣ ಹಚ್ಚುವ ಕೆಲಸ ಅದು. ಮೊದಲೇ ವಿಚಾರಿಸಿ ಹೋದರೆ ಕೆಲಸ ನಡೆಯುವಾಗಲೇ ನೋಡಬಹುದು. ದೊಡ್ಡ ಮೂರ್ತಿ ಬೇಕಾದವರು ಮುಂಗಡ ಕೊಟ್ಟು, ಯಾವಾಗ ಸಿದ್ಧವಾಗುತ್ತದೆಂದು ಕೇಳಿಕೊಂಡು ಬರಬೇಕು.